ನಿಜಾಮರ ರೋಲ್ಸ್ ರಾಯ್ಸ್ ಕಸ ಹೊಡೆದಿತ್ತೇ?

ಪ್ರಶ್ನೆ: ನಮ್ಮೂರು ಹುಮನಾಬಾದ್. ನಮ್ಮ ತಮ್ಮ ಬಸವಕಲ್ಯಾಣದಾಗ, ಸಸ್ತಾಪುರ ಬಂಗ್ಲಾ ಹತ್ರ ಲಾರಿ ಬಾಡಿ ಕಟ್ಟೋ ಕೆಲಸ ಮಾಡ್ತಾನ. ನಮ್ಮ ಮುತ್ಯಾ ಒಂದು ಕಥಿ ಹೇಳ್ತಿದ್ದ. ನಿಜಾಮ ಸಾಹೇಬರು ಸಾದಾ ಅರಿವಿ ಹಾಕ್ಕೊಂಡು ಲಂಡನ್ನಿನ ರೋಲ್ಸ್ ರಾಯ್ಸ್ ಅಂಗಡಿಗೆ ಹೋದರಂತ. ಅಲ್ಲಿಯವರು ಯಾರೋ ಬಡವ ಅಂತ ತಿಳಿದು ಹೊರಗ ಹಾಕಿದರಂತ. ಸಿಟ್ಟಿಗೆದ್ದ ನಿಜಾಮರು ಅದೇ ಕಂಪನಿ ಕಾರು ಸಾಲಾಗಿ ತರಿಸಿ ಹೈದರಾಬಾದಿನ ಕಸ ಹೊಡೀಲಿಕ್ಕೆ ಹಚ್ಚಿದರಂತ. ಇದು ಖರೇನಾ? ಮತ್ತ ಆ ಕಾರಿಗೆ ಅಷ್ಟು ಹೆಸರು ಬಂದದ್ದರ ಹೆಂಗ? ನಿಜಾಮರ ಕಾರು ಈಗ ನೋಡಲಿಕ್ಕೆ ಸಿಗ್ತದೇನು?
— ಓದುಗರೊಬ್ಬರು, ಹುಮನಾಬಾದ್

ಉತ್ತರ: ಕಸದ ಕಥೆ ಖರೆ ಅಲ್ಲ. ಏಳನೆಯ ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ ಲಂಡನ್ನಿಗೆ ಹೋದವರೇ ಅಲ್ಲ. ಇನ್ನು ಇದೇ ಕಥೆಯನ್ನು ರಾಜಸ್ಥಾನದಲ್ಲಿ ಅಲ್ವಾರಿನ ಜೈಸಿಂಗ್ ಮಹಾರಾಜರ ಮೇಲೆ ಹೇಳುತ್ತಾರೆ, ಪಂಜಾಬಿನಲ್ಲಿ ಪಟಿಯಾಲದ ಭೂಪಿಂದರ್ ಸಿಂಗರ ಮೇಲೆ ಹೇಳುತ್ತಾರೆ, ಭರತಪುರದವರು ತಮ್ಮ ರಾಜರದೇ ಎನ್ನುತ್ತಾರೆ. ರಾಜನ ಹೆಸರು ಮಾತ್ರ ಬೇರೆ. ಅಂಗಡಿಯವನ ಧಿಮಾಕು, ಸಾದಾ ಉಡುಪು, ಕಸದ ಗಾಡಿ, ಕೊನೆಗೆ ಕಂಪನಿಯಿಂದ ಬರುವ ಕ್ಷಮೆಯ ತಂತಿ, ಎಲ್ಲೆಡೆ ಒಂದೇ. ಒಂದೇ ಘಟನೆ ನಾಲ್ಕು ಸಂಸ್ಥಾನಗಳಲ್ಲಿ ನಡೆದಿರಲು ಸಾಧ್ಯವಿಲ್ಲ.

ಈ ಕಥೆಗೆ ಸಾಕ್ಷಿ ಎಂದು ಮೊಬೈಲಿನಲ್ಲಿ ಓಡಾಡುವ ಚಿತ್ರವೊಂದನ್ನು ನೀವೂ ನೋಡಿರಬಹುದು. ಹಳೆಯ ಕಾರಿನ ಮುಂದಿನ ಗಾಲಿಗಳ ಎದುರು ಕಸಬರಿಗೆ ಕಟ್ಟಿದ ಚಿತ್ರ ಅದು. ಗಾಲಿಯ ಮುಂದೆ ಕಸಬರಿಗೆ ಕಟ್ಟಿದ್ದು ಊರು ಗುಡಿಸಲಿಕ್ಕಲ್ಲ, ಟೈರು ಉಳಿಸಿಕೊಳ್ಳಲಿಕ್ಕೆ. 1936ರಲ್ಲಿ ಪ್ಯಾಲೆಸ್ಟೈನಿನಲ್ಲಿ ಬ್ರಿಟಿಷ್ ಆಡಳಿತದ ವಿರುದ್ಧ ದಂಗೆ ಎದ್ದಾಗ ಬಂಡಾಯಗಾರರು ರಸ್ತೆಗೆ ಮೊಳೆ ಚೆಲ್ಲುತ್ತಿದ್ದರು. ಅವನ್ನು ಬದಿಗೆ ಸರಿಸಲು ಅಲ್ಲಿಯ ವಾಹನಗಳಿಗೆ ಇಂಥ ಏರ್ಪಾಡು ಮಾಡಿದ್ದರು. ಆ ಕಾಲದ ಫೋಟೋಗಳು ಉಳಿದಿವೆ.

ಹಾಗೆಂದು ನಿಮ್ಮ ಮುತ್ಯಾ ಸುಳ್ಳು ಹೇಳಿದರು ಎಂದು ತಿಳಿಯಬೇಡಿ. ಬಿಳಿಯರ ಎದುರು ತಲೆ ತಗ್ಗಿಸಿ ನಿಂತ ದೇಶ, ನಮ್ಮವನೊಬ್ಬ ಅವರ ಗರ್ವ ಇಳಿಸಿದ ಎಂಬ ಕಥೆಯನ್ನು ಕಟ್ಟಿಕೊಂಡಿತು. ನನಗೆ ಇದರಲ್ಲಿ ಮನಸ್ಸಿಗೆ ನಾಟುವ ಸಂಗತಿ ಇನ್ನೊಂದಿದೆ. ಬೀದರ ಜಿಲ್ಲೆಯ ಹಿರಿಯರು ನಿಜಾಮರ ಪರ ನಿಂತ ರಜಾಕಾರ ಪಡೆಯ ಕಾಲ ಕಂಡವರು. ಊರು ಬಿಟ್ಟು ಓಡಿದ, ಮನೆ ಕಳೆದುಕೊಂಡ ನೆನಪು ಅವರಿಗಿತ್ತು. ಅಂಥವರೇ ನಿಜಾಮರ ಈ ಕಥೆಯನ್ನು ಹೆಮ್ಮೆಯಿಂದ ಹೇಳುತ್ತಿದ್ದರು. ಎದುರಿಗೆ ಲಂಡನ್ನಿನ ಅಂಗಡಿಯವ ನಿಂತಾಗ ನಿಜಾಮನೂ ನಮ್ಮವನಾದ.

ಈಗ ನಿಜವಾದ ಕಾರಿನ ವಿಷಯ. ಆರನೆಯ ನಿಜಾಮ ಮೆಹಬೂಬ್ ಅಲಿ ಖಾನ್ ಒಂದು ರೋಲ್ಸ್ ರಾಯ್ಸ್ ಸಿಲ್ವರ್ ಗೋಸ್ಟ್‌ಗೆ ಬೇಡಿಕೆ ಕೊಟ್ಟಿದ್ದರು. 1911ರ ಆಗಸ್ಟಿನಲ್ಲಿ ಅವರು ತೀರಿಕೊಂಡರು. 1912ರಲ್ಲಿ ಕಾರು ಬಂದಾಗ ಮಗ ಉಸ್ಮಾನ್ ಅಲಿ ಖಾನ್ ಗಾದಿಯ ಮೇಲಿದ್ದರು. ಆಸಫ್‌ಜಾಹಿ ಮನೆತನದ ಹಳದಿ ಬಣ್ಣ, ಹಿಂಭಾಗದಲ್ಲಿ ಉಳಿದ ಆಸನಗಳಿಗಿಂತ ಎತ್ತರದಲ್ಲಿ ನಿಜಾಮರಿಗೆ ಸಿಂಹಾಸನದಂಥ ಕುರ್ಚಿ. ಅದಕ್ಕೇ ಇಂಗ್ಲಿಷರು ಇದನ್ನು ಸಿಂಹಾಸನದ ಕಾರು ಎಂದೇ ಕರೆದರು. ಹಿಂದೆ ಮೆರವಣಿಗೆಯಲ್ಲಿ ಅಂಬಾರಿ ಮಾಡುತ್ತಿದ್ದ ಕೆಲಸವನ್ನು ಈ ಕಾರು ಮಾಡಬೇಕಿತ್ತು. ಜನರಿಗೆ ದೊರೆ ಕಾಣಬೇಕು, ಎತ್ತರದಲ್ಲಿ ಕಾಣಬೇಕು. ದರ್ಬಾರು, ಹಬ್ಬ, ಮೆರವಣಿಗೆ ಬಿಟ್ಟರೆ ಅದು ಹೊರಗೆ ಬಂದದ್ದೇ ಕಡಿಮೆ. ದಶಕಗಳಲ್ಲಿ ಓಡಿದ್ದು ಕೆಲವೇ ನೂರು ಮೈಲಿ. ಉಸ್ಮಾನ್ ಅಲಿ ಖಾನರು ತಮ್ಮ ಓಡಾಟಕ್ಕೆ ಹಳೆಯ ಸಾದಾ ಕಾರನ್ನೇ ಬಳಸುತ್ತಿದ್ದರೆಂದು ಅವರ ಬಗ್ಗೆ ಬರೆದವರು ಹೇಳುತ್ತಾರೆ. 1937ರ ಫೆಬ್ರವರಿಯಲ್ಲಿ ಟೈಮ್ ಪತ್ರಿಕೆ ಜಗತ್ತಿನ ಅತಿ ದೊಡ್ಡ ಶ್ರೀಮಂತ ಎಂದು ಮುಖಪುಟದಲ್ಲಿ ಅವರ ಚಿತ್ರ ಹಾಕಿತ್ತು.

ಹೆಸರು ಬಂದದ್ದು ಹೇಗೆ ಎಂಬ ಪ್ರಶ್ನೆಗೆ ಜನ ಸಾಮಾನ್ಯವಾಗಿ ರಾಜರನ್ನು ತೋರಿಸುತ್ತಾರೆ. ನಾನು ಹಾಗೆ ತಿಳಿದಿಲ್ಲ. ಹೆಸರು ಮೊದಲು ಬಂತು, ರಾಜರು ಆಮೇಲೆ ಬಂದರು.

ಹೆನ್ರಿ ರಾಯ್ಸ್ ಹುಟ್ಟಿದ್ದು 1863ರಲ್ಲಿ, ಬಡವರ ಮನೆಯಲ್ಲಿ. ತಂದೆ ಹಿಟ್ಟಿನ ಗಿರಣಿ ನಡೆಸಿ ಕೈಸುಟ್ಟುಕೊಂಡವರು, ಬೇಗ ತೀರಿಕೊಂಡರು. ಹುಡುಗ ಪೇಪರು ಮಾರಿದ, ತಂತಿ ಹಂಚಿದ, ರೈಲ್ವೆ ವರ್ಕ್‌ಶಾಪಿನಲ್ಲಿ ಕೆಲಸ ಕಲಿಯಲು ಸೇರಿ ಹಣವಿಲ್ಲದೆ ಅದನ್ನೂ ಅರ್ಧಕ್ಕೆ ಬಿಟ್ಟ. ಚಾರ್ಲ್ಸ್ ರೋಲ್ಸ್ ದೊಡ್ಡ ಜಮೀನ್ದಾರರ ಮಗ, ಕೇಂಬ್ರಿಜ್‌ನಲ್ಲಿ ಓದಿದವರು, ಲಂಡನ್ನಿನಲ್ಲಿ ಪರದೇಶದ ಕಾರು ಮಾರುತ್ತಿದ್ದರು. ಇಬ್ಬರೂ ಮೊದಲು ಭೇಟಿಯಾದದ್ದು 1904ರ ಮೇ 4ರಂದು, ಮ್ಯಾಂಚೆಸ್ಟರಿನ ಮಿಡ್‌ಲ್ಯಾಂಡ್ ಹೋಟೆಲಿನಲ್ಲಿ. ರಾಯ್ಸ್ ಮಾಡಿದ ಕಾರೆಲ್ಲ ನಾನು ಮಾರುತ್ತೇನೆ ಎಂದು ರೋಲ್ಸ್ ಒಪ್ಪಿದರು. 1906ರಲ್ಲಿ ಕಂಪನಿ ಹುಟ್ಟಿತು. ನಾಲ್ಕೇ ವರ್ಷಕ್ಕೆ, 1910ರ ಜುಲೈಯಲ್ಲಿ, ರೋಲ್ಸ್ ವಿಮಾನ ಅಪಘಾತದಲ್ಲಿ ಸತ್ತರು. ಆಗ ಅವರಿಗೆ 32 ವರ್ಷ. ಬ್ರಿಟನ್ನಿನಲ್ಲಿ ಎಂಜಿನ್ ವಿಮಾನದ ಅಪಘಾತಕ್ಕೆ ಬಲಿಯಾದ ಮೊದಲ ಬ್ರಿಟಿಷ್ ಪ್ರಜೆ ಅವರೇ.

ಆ ಕಾಲದ ಆರು ಸಿಲಿಂಡರಿನ ಎಂಜಿನ್‌ಗಳಿಗೆ ಒಂದು ರೋಗವಿತ್ತು. ಉದ್ದನೆಯ ಕ್ರ್ಯಾಂಕ್‌ಶಾಫ್ಟ್ ತಿರುಗುವಾಗ ತಿರುಚಿಕೊಂಡು ನಡುಗುತ್ತಿತ್ತು, ಕೆಲವೊಮ್ಮೆ ಮುರಿದೇ ಹೋಗುತ್ತಿತ್ತು. ರಾಯ್ಸ್ ಶಾಫ್ಟನ್ನು ದಪ್ಪ ಮಾಡಿದರು, ಏಳು ಬೇರಿಂಗ್‌ಗಳ ಮೇಲೆ ಕೂರಿಸಿದರು, ಒತ್ತಡದಿಂದ ಆಯಿಲ್ ಹರಿಯುವಂತೆ ಮಾಡಿದರು. ಏಳು ಲೀಟರಿನ ಆ ಎಂಜಿನ್ ಸದ್ದೇ ಇಲ್ಲದಂತೆ ಓಡಿತು. ಬೆಳ್ಳಿ ಬಣ್ಣ ಬಳಿದ ಒಂದು ಕಾರಿಗೆ ಆ ನಿಶ್ಶಬ್ದದಿಂದಲೇ ಸಿಲ್ವರ್ ಗೋಸ್ಟ್ ಎಂಬ ಹೆಸರು ಬಿತ್ತು. ಕಂಪನಿಯ ವ್ಯವಹಾರ ನೋಡುತ್ತಿದ್ದ ಕ್ಲಾಡ್ ಜಾನ್ಸನ್ 1907ರಲ್ಲಿ ಆ ಕಾರನ್ನು ಲಂಡನ್ ಮತ್ತು ಗ್ಲಾಸ್ಗೋ ನಡುವೆ 27 ಸಲ ಓಡಾಡಿಸಿದರು. ಸುಮಾರು 629 ಮೈಲಿಯಲ್ಲಿ ಪೆಟ್ರೋಲಿನ ನಲ್ಲಿ ಕುಲುಕಾಟಕ್ಕೆ ತಾನೇ ಮುಚ್ಚಿಕೊಂಡು ಕಾರು ನಿಂತಿತು. ಆಮೇಲೆ 14,371 ಮೈಲಿ, ಅಂದರೆ 23,000 ಕಿಲೋಮೀಟರಿಗೂ ಹೆಚ್ಚು, ಕೆಟ್ಟು ನಿಲ್ಲಲಿಲ್ಲ. ಆಗಿನ ಕಾರುಗಳು ದಾರಿಯಲ್ಲಿ ನಿಲ್ಲುವುದು ದಿನನಿತ್ಯದ ಮಾತಾಗಿತ್ತು. ಪರೀಕ್ಷೆ ಮುಗಿದ ಮೇಲೆ ಕಾರನ್ನು ಪೂರ್ತಿ ಬಿಚ್ಚಿ ನೋಡಿ, ಸವೆದ ಭಾಗ ಬದಲಿಸಲು ತಗಲುವ ವೆಚ್ಚ ಲೆಕ್ಕ ಹಾಕಿದರು: 2 ಪೌಂಡು, 2 ಶಿಲಿಂಗು, 7 ಪೆನ್ಸು. ಈ ಲೆಕ್ಕ ಪತ್ರಿಕೆಗಳಲ್ಲಿ ಬಂತು. ಕಂಪನಿ ತನ್ನನ್ನು ತಾನು ಹೊಗಳಿಕೊಂಡದ್ದಕ್ಕಿಂತ ಈ ಲೆಕ್ಕವೇ ದೊಡ್ಡ ಜಾಹೀರಾತಾಯಿತು.

ಭಾರತದಲ್ಲೂ ಹೆಸರು ಬಂದದ್ದು ರಸ್ತೆಯಿಂದಲೇ. 1908ರಲ್ಲಿ ಒಂದು ಸಿಲ್ವರ್ ಗೋಸ್ಟ್ ಮುಂಬೈಯಿಂದ ಕೊಲ್ಲಾಪುರದ ಕಡೆಗೆ ನಡೆದ ಸ್ಪರ್ಧೆಯಲ್ಲಿ ಸಹ್ಯಾದ್ರಿಯ ಘಟ್ಟಗಳನ್ನು ಹತ್ತಿ ಇಳಿದು ಗೆದ್ದಿತು. ಆಗ ಅದಕ್ಕಿಟ್ಟ ಹೆಸರು ಪರ್ಲ್ ಆಫ್ ದಿ ಈಸ್ಟ್. ಗ್ವಾಲಿಯರಿನ ಮಾಧವರಾವ್ ಸಿಂಧಿಯಾ ಅದನ್ನು ಕೊಂಡರು. 1911ರ ದೆಹಲಿ ದರ್ಬಾರಿಗೆ ಸರ್ಕಾರ ಎಂಟು ಸಿಲ್ವರ್ ಗೋಸ್ಟ್ ತರಿಸಿತು. ದರ್ಬಾರಿಗೆ ಬಂದ ರಾಜರೆಲ್ಲ ಅವನ್ನು ನೋಡಿದರು. ಅಲ್ಲಿಂದ ಮುಂದಿನದು ಪೈಪೋಟಿ. ನಮ್ಮ ಮೈಸೂರು ಅರಮನೆಯೂ ಅದರಲ್ಲಿ ಹಿಂದೆ ಬೀಳಲಿಲ್ಲ.

ನಿಮ್ಮ ತಮ್ಮನ ಕೆಲಸದ ಮಾತು ಬಂದದ್ದರಿಂದ ಇನ್ನೊಂದು ವಿಷಯ ಹೇಳಲೇಬೇಕು. ಇದು ನನಗೆ ಈ ಇಡೀ ಚರಿತ್ರೆಯಲ್ಲಿ ಅತ್ಯಂತ ಪ್ರಿಯವಾದ ಭಾಗ. ಆ ಕಾಲದಲ್ಲಿ ರೋಲ್ಸ್ ರಾಯ್ಸ್ ಕಂಪನಿ ಪೂರ್ತಿ ಕಾರು ಮಾರುತ್ತಲೇ ಇರಲಿಲ್ಲ. ಚಾಸಿ ಮಾರುತ್ತಿತ್ತು. ಎಂಜಿನ್, ಗೇರು, ಗಾಲಿ, ಸ್ಟೇರಿಂಗು, ಮುಂದಿನ ರೇಡಿಯೇಟರು, ಅಷ್ಟೇ. ಕೊಂಡವರು ಅದನ್ನು ಬಾಡಿ ಕಟ್ಟುವವರ ಶೆಡ್ಡಿಗೆ ಕಳಿಸಬೇಕು. ಎಷ್ಟು ಆಸನ, ಎಷ್ಟು ಎತ್ತರ, ಯಾವ ಬಣ್ಣ ಎಂದು ಹೇಳಿ ಕಟ್ಟಿಸಿಕೊಳ್ಳಬೇಕು. ನಿಜಾಮರ ಹಳದಿ ಕಾರಿನ ಬಾಡಿ ಕಟ್ಟಿದ್ದು ಲಂಡನ್ನಿನ ಬಾರ್ಕರ್ ಎಂಬ ಸಂಸ್ಥೆ. 1710ರಲ್ಲಿ ಕುದುರೆ ಸಾರೋಟು ಕಟ್ಟುತ್ತ ಶುರುವಾದ ಮನೆ ಅದು. ಮರದ ಚೌಕಟ್ಟು ಕೂಡಿಸುವ ಬಡಗಿಗಳು, ತಗಡನ್ನು ಸುತ್ತಿಗೆಯಿಂದ ಬಡಿದು ಬಾಗಿಸುವವರು, ಒಂದರ ಮೇಲೊಂದು ಪದರ ಬಣ್ಣ ಬಳಿದು ಉಜ್ಜುವವರು, ಸೀಟಿಗೆ ರೇಷ್ಮೆ ಹೊಲಿಯುವವರು ಅಲ್ಲಿದ್ದರು. ರಾಜ ತನ್ನದೆಂದು ಮೆರೆದ ವೈಭವದ ಬಹುಪಾಲು ಈ ಹೆಸರಿಲ್ಲದವರ ಕೈಯಿಂದ ಆದದ್ದು.

ಬಸವಕಲ್ಯಾಣದ ಆಟೋನಗರದಲ್ಲಿ ಇವತ್ತಿಗೂ ನಡೆಯುವ ಕೆಲಸದ ಕ್ರಮ ಇದೇ. ಕಾರ್ಖಾನೆಯಿಂದ ಬರಿಯ ಚಾಸಿ ಬರುತ್ತದೆ. ಮಾಲೀಕ ಬಂದು ಕಬ್ಬು ಹೇರುವುದೋ, ಸಿಮೆಂಟು ಹೇರುವುದೋ ಹೇಳುತ್ತಾನೆ. ಅದಕ್ಕೆ ತಕ್ಕ ಉದ್ದ, ತಕ್ಕ ಪಟ್ಟಿ, ತಕ್ಕ ಕ್ಯಾಬಿನ್ ಕಟ್ಟುತ್ತಾರೆ. ವೆಲ್ಡಿಂಗಿನವ, ಬಡಗಿ, ಪೇಂಟರು ಒಬ್ಬರ ಹಿಂದೊಬ್ಬರು ಕೈ ಹಚ್ಚುತ್ತಾರೆ. ರೋಲ್ಸ್ ರಾಯ್ಸ್ ತನ್ನದೇ ಕಾರ್ಖಾನೆಯಲ್ಲಿ ತಯಾರಾದ ಅಚ್ಚಿನ ಬಾಡಿ ಹಾಕಿ ಕಾರು ಮಾರಲು ಶುರುಮಾಡಿದ್ದು 1949ರಲ್ಲಿ, ಸಿಲ್ವರ್ ಡಾನ್ ಎಂಬ ಮಾದರಿಯಿಂದ. 1965ರ ಸಿಲ್ವರ್ ಶ್ಯಾಡೋ ಕಾರಿನಲ್ಲಿ ಚಾಸಿ, ಬಾಡಿ ಬೇರೆಬೇರೆ ಇರಲೇ ಇಲ್ಲ. ಇಂಗ್ಲೆಂಡಿನ ಹಳೆಯ ಬಾಡಿ ಶೆಡ್ಡುಗಳು ಒಂದೊಂದಾಗಿ ಮುಚ್ಚಿದವು. ನಿಮ್ಮ ತಮ್ಮನಿಗೆ ಇದನ್ನು ಹೇಳಿ. ಅವನು ಕಲಿತ ಕಸುಬಿನ ಕುಲ ಸಣ್ಣದಲ್ಲ.

ಆ ಹಳದಿ ಕಾರಿನ ಹಣ ಎಲ್ಲಿಂದ ಬಂತು ಎಂದು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಹೈದರಾಬಾದ್ ಸಂಸ್ಥಾನದ ನೆಲದಲ್ಲಿ ದೊಡ್ಡ ಪಾಲು ದಿವಾನಿ, ಅಂದರೆ ಸರ್ಕಾರದ ನೇರ ಆಡಳಿತದ ಹೊರಗಿತ್ತು. ಸರ್ಫೆಖಾಸ್ ಎಂಬುದು ನಿಜಾಮರ ಸ್ವಂತ ಆಸ್ತಿ, ಅದರ ಉತ್ಪನ್ನ ನೇರ ಅವರ ಖಜಾನೆಗೆ. ಉಳಿದದ್ದರಲ್ಲಿ ದೊಡ್ಡ ಅಮೀರ ಮನೆತನಗಳಿಗೆ ಬಿಟ್ಟುಕೊಟ್ಟ ಪೈಗಾಗಳು, ಜಹಗೀರುಗಳು. ಕಲ್ಯಾಣಿ, ಅಂದರೆ ಇಂದಿನ ಬಸವಕಲ್ಯಾಣ, ಒಂದು ನವಾಬ ಮನೆತನದ ಜಹಗೀರಾಗಿತ್ತು, ಚಿಟಗುಪ್ಪ ಪೈಗಾದಲ್ಲಿತ್ತು. ಜೋಳ, ತೊಗರಿ ಬೆಳೆದ ರೈತನ ಹಣ ಜಹಗೀರದಾರನಿಗೆ ಹೋಗುತ್ತಿತ್ತು, ಅವನು ಇರುತ್ತಿದ್ದುದು ಹೆಚ್ಚಾಗಿ ಹೈದರಾಬಾದಿನಲ್ಲಿ. ಹನ್ನೆರಡನೆಯ ಶತಮಾನದಲ್ಲಿ ಬಸವಣ್ಣನವರು ಕಾಯಕ, ದಾಸೋಹದ ಮಾತಾಡಿದ ಊರಿನ ದುಡಿಮೆ ಹೀಗೆ ಹೊರಗೆ ಹರಿದದ್ದು ನನಗೆ ನೋವಿನ ಸಂಗತಿ. ಜಹಗೀರು ರದ್ದಾದದ್ದು 1949ರಲ್ಲಿ.

ನಮ್ಮ ಕಡೆಯ ಸಾಮಾನ್ಯರು ಹತ್ತಿದ ಮೋಟಾರು ಬೇರೆ. 1932ರಲ್ಲಿ ನಿಜಾಮರ ರೈಲ್ವೆ ಇಲಾಖೆಯೇ 27 ಬಸ್ಸುಗಳಿಂದ ಸಂಸ್ಥಾನದ ಸಾರಿಗೆ ಶುರುಮಾಡಿತು. ಅವು ಸ್ಕಾಟ್ಲೆಂಡಿನ ಆಲ್ಬಿಯನ್ ಬಸ್ಸುಗಳು. ಖಾಸಗಿ ಮಾಲೀಕರ ಕೈಯಲ್ಲಿದ್ದ ಬಸ್ಸನ್ನು ಸರ್ಕಾರವೇ ನಡೆಸಿದ ಮೊದಮೊದಲ ಯತ್ನಗಳಲ್ಲಿ ಅದೂ ಒಂದು. ಮುಂದೆ ನಿಮ್ಮೂರಿನ ರಸ್ತೆ ಕಂಡ ಅತಿ ಮುಖ್ಯ ವಾಹನಗಳು 1948ರ ಸೆಪ್ಟೆಂಬರಿನಲ್ಲಿ ಬಂದವು. ಹೈದರಾಬಾದನ್ನು ಭಾರತಕ್ಕೆ ಸೇರಿಸಲು ಜನರಲ್ ಚೌಧರಿಯವರ ನೇತೃತ್ವದ ಭಾರತೀಯ ಸೇನೆ 13ರಂದು ಸೊಲ್ಲಾಪುರದ ಕಡೆಯಿಂದ ಹೊರಟು ನಳದುರ್ಗ, ಉಮರ್ಗಾ, ರಾಜೇಶ್ವರ, ಹುಮನಾಬಾದ್, ಜಹೀರಾಬಾದ್ ದಾರಿಯಲ್ಲಿ ಟ್ಯಾಂಕುಗಳೊಂದಿಗೆ ಸಾಗಿತು. 17ರಂದು ನಿಜಾಮರು ಸೋಲೊಪ್ಪಿದರು. ಆ ತಾರೀಖನ್ನೇ ಇಂದು ಕಲ್ಯಾಣ ಕರ್ನಾಟಕ ಉತ್ಸವವಾಗಿ ಆಚರಿಸುತ್ತೇವೆ.

ಕಂಪನಿಯ ಮುಂದಿನ ಕಥೆ ಚಿಕ್ಕದಾಗಿ: ಅದು ವಿಮಾನದ ಎಂಜಿನ್ ಕೂಡ ಮಾಡುತ್ತಿತ್ತು; 1971ರ ಫೆಬ್ರವರಿಯಲ್ಲಿ ಅಂಥ ಹೊಸ ಎಂಜಿನ್ ಒಂದರ ಖರ್ಚು ಕೈಮೀರಿ ರೋಲ್ಸ್ ರಾಯ್ಸ್ ದಿವಾಳಿಯಾಯಿತು, ಸರ್ಕಾರ ಅದನ್ನು ವಹಿಸಿಕೊಂಡಿತು. ಕಾರಿನ ಭಾಗ 1973ರಲ್ಲಿ ಬೇರೆಯಾಯಿತು. 1998ರಲ್ಲಿ ಫೋಕ್ಸ್‌ವ್ಯಾಗನ್ 430 ಮಿಲಿಯನ್ ಪೌಂಡು ಕೊಟ್ಟು ಕಾರ್ಖಾನೆ ಕೊಂಡಿತು. ಆದರೆ ಹೆಸರಿನ ಹಕ್ಕು ವಿಮಾನ ಎಂಜಿನ್ ಮಾಡುವ ಕಂಪನಿಯ ಬಳಿ ಇತ್ತು. ಅದು ಹೆಸರನ್ನು 40 ಮಿಲಿಯನ್ ಪೌಂಡಿಗೆ ಬಿಎಂಡಬ್ಲ್ಯುಗೆ ಕೊಟ್ಟಿತು. 2003ರಿಂದ ಇಂಗ್ಲೆಂಡಿನ ಗುಡ್‌ವುಡ್‌ನಲ್ಲಿ ಬಿಎಂಡಬ್ಲ್ಯು ಒಡೆತನದಲ್ಲಿ ಈ ಕಾರುಗಳು ತಯಾರಾಗುತ್ತಿವೆ. ಹಳೆಯ ಕಾರ್ಖಾನೆಯಲ್ಲಿ ಈಗ ಬೆಂಟ್ಲಿ ಆಗುತ್ತದೆ.

ಕೊನೆಯ ಪ್ರಶ್ನೆ, ನೋಡಲು ಸಿಗುತ್ತದೆಯೇ ಎಂಬುದು. ಸಿಗುತ್ತದೆ. ನಿಜಾಮರ ಹಳದಿ ರೋಲ್ಸ್ ರಾಯ್ಸ್ ಹೈದರಾಬಾದಿನ ಚೌಮಹಲ್ಲಾ ಅರಮನೆಯಲ್ಲಿದೆ, ಚಾರ್‌ಮಿನಾರಿನಿಂದ ನಡೆದು ಹೋಗುವಷ್ಟು ಹತ್ತಿರ. ತಮ್ಮನನ್ನೂ ಕರೆದುಕೊಂಡು ಹೋಗಿ. ಎಲ್ಲರೂ ಮುಂದಿನ ಮೂತಿ ನೋಡಿ ಫೋಟೋ ತೆಗೆದುಕೊಳ್ಳುತ್ತಾರೆ. ನೀವು ಬದಿಗೆ ನಿಂತು, ಬಾನೆಟ್ಟು ಮುಗಿದು ಬಾಡಿ ಶುರುವಾಗುವ ಜಾಗ ನೋಡಿ. ರಾಯ್ಸ್‌ನ ಕೆಲಸ ಅಲ್ಲಿಗೆ ಮುಗಿದು ಬಾರ್ಕರ್‌ನವರ ಕೆಲಸ ಶುರುವಾಗುತ್ತದೆ. ಆ ಜೋಡಣೆಯ ಬಗ್ಗೆ ನಿಮ್ಮ ತಮ್ಮ ನಿಮಗೆ ನನಗಿಂತ ಚೆನ್ನಾಗಿ ಹೇಳಬಲ್ಲ. ಬಸ್ಸು ಹತ್ತುವ ಮೊದಲು ವಾರ ನೋಡಿಕೊಳ್ಳಿ, ಶುಕ್ರವಾರ ಅರಮನೆಗೆ ರಜೆ.