ಗಂಜಲದ ವಾಸನೆಯೂ ಕಿಣ್ವದ ಹರಳೂ

ಬೆಳಗಿನ ಜಾವದಲ್ಲಿ ದನದ ಕೊಟ್ಟಿಗೆಯ ಬಾಗಿಲನ್ನು ತೆರೆದವರಿಗೆ ಅಲ್ಲಿಂದ ಹೊರಹೊಮ್ಮುವ ಕಟುವಾದ ವಾಸನೆ ಚೆನ್ನಾಗಿ ಗೊತ್ತು. ಮೂಗನ್ನು ಚುಚ್ಚಿ ಕಣ್ಣಿನಲ್ಲಿ ನೀರೂರಿಸುವ ಆ ವಾಸನೆ ಅಮೋನಿಯಾ ಅನಿಲದ್ದು. ಆದರೆ ಹಸು ಆಗತಾನೆ ಸುರಿಸಿದ ಗಂಜಲಕ್ಕೆ ಈ ವಾಸನೆಯಿಲ್ಲ. ರಾತ್ರಿಯೆಲ್ಲ ನೆಲದ ಮೇಲೆ ನಿಂತ ಗಂಜಲಕ್ಕೆ ಮಾತ್ರ ಅದು ಬರುತ್ತದೆ. ಹಾಗಾದರೆ ಈ ಅಮೋನಿಯಾ ಎಲ್ಲಿಂದ ಬಂದಿತು? ಈ ಸಣ್ಣ ಪ್ರಶ್ನೆಯ ಬೆನ್ನು ಹತ್ತಿ ಹೋದರೆ ಜೀವರಸಾಯನದ ಒಂದು ಮುಖ್ಯವಾದ ಅಧ್ಯಾಯವನ್ನೇ ಓದಿದಂತಾಗುತ್ತದೆ.

ಗಂಜಲದಲ್ಲಿಯೂ ನಮ್ಮ ಮೂತ್ರದಲ್ಲಿಯೂ ಯೂರಿಯಾ ಎಂಬ ವಸ್ತು ಕರಗಿರುತ್ತದೆ. ಆಹಾರದ ಪ್ರೋಟೀನುಗಳು ದೇಹದಲ್ಲಿ ಬಳಕೆಯಾದ ಮೇಲೆ ಉಳಿಯುವ ಸಾರಜನಕವನ್ನು ಪಿತ್ತಜನಕಾಂಗವು ಯೂರಿಯಾ ಆಗಿ ಮಾರ್ಪಡಿಸಿ, ಮೂತ್ರಪಿಂಡಗಳ ಮೂಲಕ ಹೊರಗೆ ಕಳುಹಿಸುತ್ತದೆ. ಬೆಳೆದ ಮನುಷ್ಯನೊಬ್ಬನು ದಿನಕ್ಕೆ ಸಾಮಾನ್ಯವಾಗಿ 20ರಿಂದ 30 ಗ್ರಾಂ ಯೂರಿಯಾವನ್ನು ವಿಸರ್ಜಿಸುತ್ತಾನೆ. ಜರ್ಮನಿಯ ವೋಲರನು 1828ರಲ್ಲಿ ಪ್ರಯೋಗಶಾಲೆಯಲ್ಲಿ ಇದನ್ನು ತಯಾರಿಸಿ, ಜೀವಿಗಳ ವಸ್ತುವನ್ನು ಜೀವಿಯ ಸಹಾಯವಿಲ್ಲದೆಯೇ ಪಡೆಯಬಹುದೆಂದು ತೋರಿಸಿದ ಸಂಗತಿ ವಿದ್ಯಾರ್ಥಿಗಳಿಗೆ ತಿಳಿದೇ ಇದೆ. ನಮ್ಮ ರೈತರು ಮೂಟೆಗಟ್ಟಲೆ ಕೊಂಡು ಗದ್ದೆಗೆ ಎರಚುವ ಬಿಳಿಯ ಹರಳೂ ಇದೇ ಯೂರಿಯಾ.

ಯೂರಿಯಾದ ಒಂದು ಅಣುವಿಗೆ ನೀರಿನ ಒಂದು ಅಣು ಕೂಡಿದರೆ, ಅಮೋನಿಯಾದ ಎರಡು ಅಣುಗಳೂ ಇಂಗಾಲದ ಡೈಆಕ್ಸೈಡಿನ ಒಂದು ಅಣುವೂ ಹುಟ್ಟುತ್ತವೆ. ತೂಕದ ಲೆಕ್ಕದಲ್ಲಿ ಹೇಳುವುದಾದರೆ, 60 ಗ್ರಾಂ ಯೂರಿಯಾ 18 ಗ್ರಾಂ ನೀರಿನೊಡನೆ ವರ್ತಿಸಿ 34 ಗ್ರಾಂ ಅಮೋನಿಯಾವನ್ನೂ 44 ಗ್ರಾಂ ಇಂಗಾಲದ ಡೈಆಕ್ಸೈಡನ್ನೂ ಕೊಡುತ್ತದೆ. ಎರಡು ಕಡೆಯೂ ಮೊತ್ತ 78 ಗ್ರಾಂ. ಲೆಕ್ಕ ಸರಿಹೋಯಿತು. ಆದರೆ ಲೆಕ್ಕ ಸರಿಹೋದ ಮಾತ್ರಕ್ಕೆ ಕ್ರಿಯೆ ನಡೆದೇ ತೀರಬೇಕೆಂದಿಲ್ಲ. ಯೂರಿಯಾವನ್ನು ಶುದ್ಧವಾದ ನೀರಿನಲ್ಲಿ ಕರಗಿಸಿ 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಸುಮ್ಮನೆ ಇಟ್ಟರೆ, ಅದರಲ್ಲಿ ಅರ್ಧ ಭಾಗ ಒಡೆಯುವುದಕ್ಕೆ ಸುಮಾರು 40 ವರ್ಷಗಳು ಬೇಕು! ಕೊಟ್ಟಿಗೆಯಲ್ಲಾದರೋ ಒಂದೇ ರಾತ್ರಿ ಸಾಕು.

ಇಷ್ಟು ವ್ಯತ್ಯಾಸಕ್ಕೆ ಕಾರಣವೇನು? ಘಟ್ಟದ ಮೇಲಿನ ಊರಿನಿಂದ ಕರಾವಳಿಗೆ ಹೊರಟ ದಾರಿಗನನ್ನು ನೆನೆದುಕೊಳ್ಳಿ. ಅವನು ಸೇರಬೇಕಾದ ಊರು ತಗ್ಗಿನಲ್ಲಿದೆ, ನಿಜ. ಆದರೆ ನಡುವೆ ಅಡ್ಡವಾಗಿ ಒಂದು ಬೆಟ್ಟದ ಸಾಲಿದ್ದರೆ, ಇಳಿಯುವುದಕ್ಕೆ ಮುಂಚೆ ಅದನ್ನು ಹತ್ತಲೇಬೇಕು. ರಾಸಾಯನಿಕ ಕ್ರಿಯೆಗಳ ಪಾಡೂ ಹೀಗೆಯೇ. ಯೂರಿಯಾ ಒಡೆದಾಗ ಶಕ್ತಿಯ ದೃಷ್ಟಿಯಿಂದ ತಗ್ಗಿನ ಸ್ಥಿತಿಗೇ ಬರುತ್ತದೆ. ಆದರೂ ಹಳೆಯ ಬಂಧಗಳು ಸಡಿಲಗೊಂಡು ಹೊಸ ಬಂಧಗಳು ಇನ್ನೂ ಕೂಡಿರದ ಒಂದು ನಡುವಣ ಸ್ಥಿತಿಯನ್ನು ಅದು ದಾಟಬೇಕು. ಆ ನೆತ್ತಿಯನ್ನು ಮುಟ್ಟುವಷ್ಟು ಶಕ್ತಿ ಸಾಧಾರಣ ಉಷ್ಣತೆಯಲ್ಲಿ ಕೋಟಿಗಳಲ್ಲಿ ಒಂದೆರಡು ಅಣುಗಳಿಗೂ ಇರುವುದಿಲ್ಲ. ಈ ಏರನ್ನು ಕ್ರಿಯೋತ್ತೇಜಕ ಶಕ್ತಿ ಎಂದು ಕರೆಯುತ್ತಾರೆ.

ದ್ರಾವಣವನ್ನು ಕಾಸಿದರೆ ಹೆಚ್ಚು ಅಣುಗಳು ನೆತ್ತಿಯನ್ನು ದಾಟಬಲ್ಲವು. ಪ್ರಯೋಗಶಾಲೆಯಲ್ಲಿ ಮಾಡುವುದು ಅದನ್ನೇ. ಉಷ್ಣತೆಯನ್ನು 10 ಡಿಗ್ರಿ ಏರಿಸಿದರೆ ಅನೇಕ ಕ್ರಿಯೆಗಳ ವೇಗ ಸುಮಾರಾಗಿ ಇಮ್ಮಡಿಯಾಗುತ್ತದೆ. ಆದರೆ ಜೀವಿಗಳಿಗೆ ಈ ಉಪಾಯ ಒದಗದು. ಮೈಯೆಲ್ಲ ಕುದಿಯುವ ಹಸು ಬದುಕೀತೆ? ಇನ್ನೊಂದು ಉಪಾಯವೆಂದರೆ ಬೆಟ್ಟದ ಸಾಲಿನಲ್ಲಿ ಒಂದು ಕಣಿವೆಯ ದಾರಿಯನ್ನು ಹುಡುಕುವುದು. ಹೊರಟ ಊರಿನ ಎತ್ತರವೂ ತಲಪುವ ಊರಿನ ಎತ್ತರವೂ ಮೊದಲಿನಂತೆಯೇ ಇರುತ್ತವೆ. ನಡುವಣ ಏರು ಮಾತ್ರ ತಗ್ಗುತ್ತದೆ. ಹೀಗೆ ತಾನು ವ್ಯಯವಾಗದೆ ಕ್ರಿಯೆಗೆ ಸುಲಭವಾದ ಹಾದಿಯನ್ನು ತೋರುವ ವಸ್ತುವೇ ಕ್ರಿಯಾವರ್ಧಕ. ಜೀವಿಗಳು ತಯಾರಿಸಿಕೊಳ್ಳುವ ಕ್ರಿಯಾವರ್ಧಕಗಳೇ ಕಿಣ್ವಗಳು. ಸಗಣಿಯಲ್ಲಿಯೂ ನೆಲದಲ್ಲಿಯೂ ಇರುವ ಸೂಕ್ಷ್ಮಜೀವಿಗಳು ಯೂರಿಯೇಸ್ ಎಂಬ ಕಿಣ್ವವನ್ನು ಉತ್ಪಾದಿಸುತ್ತವೆ. ಹಸುವಿನ ಸ್ವಂತ ಜೀವಕೋಶಗಳಲ್ಲಿ ಅದು ಇಲ್ಲ. ಆದ್ದರಿಂದಲೇ ಹೊಸ ಗಂಜಲಕ್ಕೆ ಆ ವಾಸನೆಯಿಲ್ಲ.

ಕಿಣ್ವ ಎಂಬ ನಮ್ಮ ಪದ ಬಹಳ ಹಳೆಯದು. ಮದ್ಯವನ್ನು ತಯಾರಿಸುವಾಗ ಸೇರಿಸುವ ಹುದುಗಿಗೆ ಸಂಸ್ಕೃತದಲ್ಲಿ ಆ ಹೆಸರಿತ್ತು. 1870ರ ದಶಕದಲ್ಲಿ ಜರ್ಮನಿಯ ಕ್ಯೂನೆ ಎಂಬಾತನು ‘ಎನ್‌ಜೈಮ್’ ಎಂಬ ಹೆಸರನ್ನು ಬಳಕೆಗೆ ತಂದಾಗ ಅವನ ಮನಸ್ಸಿನಲ್ಲಿದ್ದ ಗ್ರೀಕ್ ಪದಗಳ ಅರ್ಥವೂ ‘ಹುದುಗಿನಲ್ಲಿರುವುದು’ ಎಂದೇ. ಅನುವಾದಕರು ಆರಿಸಿದ ಪದಗಳಲ್ಲಿ ಇಷ್ಟು ಚೆನ್ನಾಗಿ ಹೊಂದಿಕೊಂಡವು ಹೆಚ್ಚಿಲ್ಲ.

ಇಷ್ಟಾದ ಮೇಲೆ ಒಂದು ಪ್ರಯೋಗವನ್ನು ಮಾಡಿ ನೋಡಬಹುದು. ಬೇಕಾದ ಸಾಮಗ್ರಿ ಹಳ್ಳಿಯಲ್ಲಿಯೂ ದೊರೆಯುತ್ತದೆ: ಗೊಬ್ಬರದ ಯೂರಿಯಾ, ಹಸಿಯ ಸೋಯಾ ಅವರೆಯ ಹಿಟ್ಟು, ಅರಿಶಿನ. ಅರಿಶಿನವನ್ನು ನೀರಿನಲ್ಲಿ ಕಲಸಿ ಬಿಳಿಯ ಕಾಗದಕ್ಕೆ ಬಳಿದು ಒಣಗಿಸಿ. ಅರಿಶಿನಕ್ಕೆ ಸುಣ್ಣ ಬೆರೆಸಿ ಆರತಿಯ ಕೆಂಪು ನೀರನ್ನು ಮಾಡುವುದನ್ನು ನೀವೆಲ್ಲ ನೋಡಿಯೇ ಇದ್ದೀರಿ; ಕ್ಷಾರ ಸೋಕಿದರೆ ಅರಿಶಿನ ಕೆಂಪಾಗುತ್ತದೆ. ಅಮೋನಿಯಾವೂ ಕ್ಷಾರವೇ. ಈಗ ಮೂರು ಲೋಟಗಳಲ್ಲಿ ಯೂರಿಯಾದ ದ್ರಾವಣವನ್ನು ತೆಗೆದುಕೊಳ್ಳಿ. ಮೊದಲನೆಯದಕ್ಕೆ ಏನನ್ನೂ ಹಾಕಬೇಡಿ. ಎರಡನೆಯದಕ್ಕೆ ಒಂದು ಚಮಚ ಹಸಿಯ ಹಿಟ್ಟನ್ನೂ, ಮೂರನೆಯದಕ್ಕೆ ನೀರಿನಲ್ಲಿ ಹತ್ತು ಹದಿನೈದು ನಿಮಿಷ ಕುದಿಸಿ ಆರಿಸಿದ ಅಷ್ಟೇ ಹಿಟ್ಟನ್ನೂ ಹಾಕಿ ಕಲಕಿ ಮುಚ್ಚಿಡಿ. ಒಂದು ಗಂಟೆಯ ತರುವಾಯ ಒಂದೊಂದರಿಂದಲೂ ಒಂದು ತೊಟ್ಟನ್ನು ಅರಿಶಿನದ ಕಾಗದದ ಮೇಲೆ ಹಾಕಿದರೆ, ಎರಡನೆಯ ಲೋಟದ ತೊಟ್ಟು ಮಾತ್ರ ಕೆಂಪಾಗುತ್ತದೆ. ಮೂಸಿದರೆ ಕೊಟ್ಟಿಗೆಯ ವಾಸನೆಯೂ ಬರುತ್ತದೆ. (ಈ ದ್ರಾವಣಗಳನ್ನು ಬಾಯಿಗೆ ಹಾಕಬಾರದು, ಲೋಟಗಳನ್ನು ಅಡಿಗೆಗೆ ಮತ್ತೆ ಬಳಸಬಾರದು.)

ಮೂರನೆಯ ಲೋಟವೇ ಹೆಚ್ಚು ಕಲಿಸುವಂಥದು. ಕುದಿಸಿದ ಹಿಟ್ಟಿನಲ್ಲಿ ಯಾವ ಧಾತುವೂ ಕಡಮೆಯಾಗಿಲ್ಲ. ಆದರೂ ಅದರ ಸಾಮರ್ಥ್ಯ ಹೋಯಿತು. ಮೊಟ್ಟೆಯ ಬಿಳಿಯ ಲೋಳೆ ಬೇಯಿಸಿದಾಗ ಗಟ್ಟಿಯಾಗಿ, ತಣ್ಣಗಾದ ಮೇಲೂ ಮತ್ತೆ ಲೋಳೆಯಾಗದಿರುವುದನ್ನು ಇದಕ್ಕೆ ಹೋಲಿಸಬಹುದು. ಕಿಣ್ವದ ಶಕ್ತಿ ಅದರಲ್ಲಿರುವ ಪರಮಾಣುಗಳಲ್ಲಿ ಮಾತ್ರ ಇಲ್ಲ, ಆ ಪರಮಾಣುಗಳ ಸರಪಣಿ ಮಡಿಸಿಕೊಂಡಿರುವ ಆಕಾರದಲ್ಲಿ ಇದೆ. ಈ ಗುಣವನ್ನು ವ್ಯಾಪಾರದಲ್ಲಿಯೂ ಬಳಸುತ್ತಾರೆ. ದನಕೋಳಿಗಳ ಮೇವಿಗೆ ಸೋಯಾ ಹಿಂಡಿಯನ್ನು ಸೇರಿಸುವ ಮುನ್ನ ಅದನ್ನು ಬೇಯಿಸಿ, ಜೀರ್ಣಕ್ಕೆ ಅಡ್ಡಿಮಾಡುವ ಒಂದು ಪದಾರ್ಥವನ್ನು ನಾಶಮಾಡಬೇಕು. ಆ ಪದಾರ್ಥವನ್ನು ನೇರವಾಗಿ ಅಳೆಯುವುದು ತೊಡಕಿನ ಕೆಲಸ. ಆದಕಾರಣ ಹಿಂಡಿಯಲ್ಲಿ ಯೂರಿಯೇಸ್ ಎಷ್ಟು ಉಳಿದಿದೆ ಎಂದು ನೋಡುತ್ತಾರೆ. ಅದು ಸತ್ತಿದ್ದರೆ ಹಿಂಡಿ ಸಾಕಷ್ಟು ಬೆಂದಿದೆ ಎಂದರ್ಥ.

ಕಿಣ್ವವೆಂಬುದು ಒಂದು ಪ್ರೋಟೀನು ಎಂಬ ಮಾತನ್ನು ಇಂದಿನ ಪಠ್ಯಪುಸ್ತಕ ಒಂದೇ ವಾಕ್ಯದಲ್ಲಿ ಹೇಳಿ ಮುಗಿಸುತ್ತದೆ. ಆ ವಾಕ್ಯಕ್ಕಾಗಿ ಒಬ್ಬ ಮನುಷ್ಯನು ತೆತ್ತ ಬೆಲೆಯನ್ನು ವಿದ್ಯಾರ್ಥಿಗಳು ತಿಳಿದಿರಬೇಕು. ಅಮೆರಿಕದ ಜೇಮ್ಸ್ ಸಮ್ನರ್ 1887ರಲ್ಲಿ ಹುಟ್ಟಿದನು. ಹದಿನೇಳನೆಯ ವಯಸ್ಸಿನಲ್ಲಿ ಬೇಟೆಗೆ ಹೋದಾಗ ಜೊತೆಗಾರನ ಗುಂಡು ತಗುಲಿ ಅವನ ಎಡಗೈಯನ್ನು ಮೊಳಕೈಯಿಂದ ಕೆಳಕ್ಕೆ ತೆಗೆಯಬೇಕಾಯಿತು. ಅವನು ಎಡಚ ಬೇರೆ! ಬಲಗೈಯಿಂದ ಎಲ್ಲವನ್ನೂ ಹೊಸದಾಗಿ ಕಲಿತು, ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ ಜೀವರಸಾಯನವನ್ನು ಓದಲು ಹೋದಾಗ, ಪ್ರಾಧ್ಯಾಪಕ ಫೋಲಿನ್ ಅವನನ್ನು ನೋಡಿ, ಒಂದೇ ಕೈಯುಳ್ಳವನಿಗೆ ರಸಾಯನಶಾಸ್ತ್ರ ಒಗ್ಗದು, ಕಾನೂನು ಓದುವುದು ಲೇಸು ಎಂದು ಬುದ್ಧಿ ಹೇಳಿದನಂತೆ. ಸಮ್ನರ್ ಒಪ್ಪಲಿಲ್ಲ. ಅದೇ ಫೋಲಿನ್‌ನ ಕೈಕೆಳಗೆ ದುಡಿದು 1914ರಲ್ಲಿ ಡಾಕ್ಟರೇಟ್ ಪಡೆದನು.

ಕಾರ್ನೆಲ್ ವಿಶ್ವವಿದ್ಯಾನಿಲಯದಲ್ಲಿ ಅವನಿಗೆ ಪಾಠದ ಹೊರೆ ಹೆಚ್ಚು. ಉಪಕರಣ, ಹಣ, ಸಹಾಯಕರು ಕಡಮೆ. ಹೀಗಿರುವಾಗ ಬಹುದೊಡ್ಡ ಫಲವನ್ನು ಕೊಡಬಲ್ಲ ಒಂದೇ ಒಂದು ಸಮಸ್ಯೆಯನ್ನು ಆರಿಸಿಕೊಳ್ಳುವುದು ಮೇಲೆಂದು ಅವನು 1917ರಲ್ಲಿ ಒಂದು ಕಿಣ್ವವನ್ನು ಶುದ್ಧರೂಪದಲ್ಲಿ ಬೇರ್ಪಡಿಸುವ ಕೆಲಸಕ್ಕೆ ಕೈಹಾಕಿದನು. ಆಗ ಯಾರೂ ಅದನ್ನು ಮಾಡಿರಲಿಲ್ಲ. ಜ್ಯಾಕ್ ಬೀನ್ ಎಂಬ ಅವರೆಯ ಬಳಗದ ದೊಡ್ಡ ಕಾಳಿನಲ್ಲಿ ಯೂರಿಯೇಸ್ ಹೇರಳವಾಗಿದೆ ಎಂದು ತಿಳಿದಿತ್ತು. ಆ ಕಾಳಿನ ಹಿಟ್ಟನ್ನು ಮದ್ಯಸಾರ ಬೆರೆತ ನೀರಿನಲ್ಲಿ ಕಲಸಿ, ಸೋಸಿ, ತಂಪಿನಲ್ಲಿಟ್ಟು, ಒತ್ತರಿಸಿದ ಭಾಗವನ್ನು ಮತ್ತೆ ಕರಗಿಸಿ ನೋಡುವುದು, ಹೀಗೆ ವರ್ಷಗಳು ಉರುಳಿದವು. ನಡುನಡುವೆ ಕೈಬಿಟ್ಟದ್ದೂ ಉಂಟು. 1926ರಲ್ಲಿ ಮದ್ಯಸಾರದ ಬದಲು ದುರ್ಬಲವಾದ ಅಸಿಟೋನ್ ದ್ರಾವಣವನ್ನು ಬಳಸಿ, ಸೋಸಿದ ದ್ರವವನ್ನು ರಾತ್ರಿಯೆಲ್ಲ ತಣ್ಣಗೆ ಇಟ್ಟನು. ಮಾರನೆಯ ದಿನ ಅದರ ಒಂದು ತೊಟ್ಟನ್ನು ಸೂಕ್ಷ್ಮದರ್ಶಕದ ಅಡಿಯಲ್ಲಿ ನೋಡಿದಾಗ ಎಂಟು ಮುಖಗಳ ಪುಟ್ಟ ಹರಳುಗಳು ಕಂಡವು. ಅವುಗಳನ್ನು ಬೇರ್ಪಡಿಸಿ ನೀರಿನಲ್ಲಿ ಕರಗಿಸಿದರೆ, ಆ ದ್ರಾವಣವು ಯೂರಿಯಾವನ್ನು ಹಿಂದೆಂದೂ ಕಾಣದಷ್ಟು ತೀವ್ರವಾಗಿ ಒಡೆಯಿತು. ಪ್ರೋಟೀನಿನ ಪರೀಕ್ಷೆಗಳಿಗೂ ಅದು ಸರಿಯಾಗಿ ಉತ್ತರ ಕೊಟ್ಟಿತು.

ಜಗತ್ತು ತಕ್ಷಣವೇ ಒಪ್ಪಿತೇ? ಇಲ್ಲ. ಆ ಕಾಲದ ಬಹು ದೊಡ್ಡ ರಸಾಯನಜ್ಞನೂ 1915ರ ನೊಬೆಲ್ ಪಾರಿತೋಷಕವನ್ನು ಪಡೆದವನೂ ಆದ ಜರ್ಮನಿಯ ವಿಲ್‌ಸ್ಟೆಟರನ ಅಭಿಪ್ರಾಯ ಬೇರೆಯಾಗಿತ್ತು. ಕಿಣ್ವವೆಂಬುದು ಯಾವುದೋ ಚಿಕ್ಕ ಅಣು, ಪ್ರೋಟೀನು ಅದನ್ನು ಹೊತ್ತ ವಾಹನ ಮಾತ್ರ ಎಂದು ಅವನ ವಾದ. ಅವನು ಶುದ್ಧಿಮಾಡಿದ ಕೆಲವು ಕಿಣ್ವದ ದ್ರಾವಣಗಳಲ್ಲಿ ಪ್ರೋಟೀನಿನ ಪರೀಕ್ಷೆ ಫಲಿಸಿರಲಿಲ್ಲ. ಬಹು ಸ್ವಲ್ಪ ಪ್ರಮಾಣದ ಕಿಣ್ವವೂ ಬಹಳ ಕೆಲಸ ಮಾಡಬಲ್ಲುದು. ಅಷ್ಟು ಸ್ವಲ್ಪವನ್ನು ಅಂದಿನ ಪರೀಕ್ಷೆಗಳು ತೋರಿಸಲಾರವಾಗಿದ್ದವು. 1930ರಲ್ಲಿ ನಾರ್ತ್‌ರಪ್ ಎಂಬಾತನು ಜಠರರಸದ ಪೆಪ್ಸಿನ್ ಕಿಣ್ವವನ್ನೂ ಹರಳುಗಟ್ಟಿಸಿ, ಅದೂ ಪ್ರೋಟೀನೇ ಎಂದು ತೋರಿಸಿದ ಮೇಲೆ ಗಾಳಿ ತಿರುಗಿತು. 1946ರ ನೊಬೆಲ್ ಪಾರಿತೋಷಕದ ಅರ್ಧ ಸಮ್ನರ್‌ಗೆ ದೊರೆಯಿತು. ಉಳಿದರ್ಧವನ್ನು ನಾರ್ತ್‌ರಪ್ ಮತ್ತು ಸ್ಟ್ಯಾನ್ಲಿ ಹಂಚಿಕೊಂಡರು.

ಕಥೆಗೆ ಒಂದು ಬಾಲವೂ ಉಂಟು. 1975ರಲ್ಲಿ ಆಸ್ಟ್ರೇಲಿಯದ ವಿಜ್ಞಾನಿಗಳು ಯೂರಿಯೇಸ್‌ನಲ್ಲಿ ನಿಕಲ್ ಲೋಹವಿರುವುದನ್ನು ಕಂಡರು. ನಾಣ್ಯಗಳಿಗೆ ಬಳಸುವ ಲೋಹವು ಕಾಳಿನೊಳಗಿನ ಕಿಣ್ವದಲ್ಲಿ! ಅದನ್ನು ತೆಗೆದರೆ ಕಿಣ್ವ ಕೆಲಸ ಮಾಡದು. ಪ್ರೋಟೀನಿನ ಜೊತೆಗೆ ಚಿಕ್ಕದೊಂದು ಬೇಕೇಬೇಕು ಎಂಬಷ್ಟರ ಮಟ್ಟಿಗೆ ವಿಲ್‌ಸ್ಟೆಟರನ ಮಾತಿನಲ್ಲಿಯೂ ಸ್ವಲ್ಪ ಹುರುಳಿತ್ತೆಂದು ನನಗೆ ತೋರುತ್ತದೆ. ಆದರೆ ಎಲ್ಲ ಕಿಣ್ವಗಳಿಗೂ ಲೋಹ ಬೇಕಿಲ್ಲ, ಪೆಪ್ಸಿನ್‌ಗೆ ಬೇಡ. ಪ್ರೋಟೀನೇ ಆಗಿರಬೇಕೆಂಬ ನಿಯಮಕ್ಕೂ ಅಪವಾದಗಳಿವೆ. ಆರ್‌ಎನ್‌ಎ ಎಂಬ ನ್ಯೂಕ್ಲಿಯಿಕ್ ಆಮ್ಲವೂ ಕ್ರಿಯಾವರ್ಧಕವಾಗಬಲ್ಲುದೆಂದು ತೋರಿಸಿದ್ದಕ್ಕೆ ಆಲ್ಟ್‌ಮನ್ ಮತ್ತು ಚೆಕ್ ಅವರಿಗೆ 1989ರಲ್ಲಿ ನೊಬೆಲ್ ದೊರೆಯಿತು.

ಸಮ್ನರನ ಹರಳಿನೊಳಗಿನ ಅಣುವಿನ ಪೂರ್ಣ ರೂಪ ತಿಳಿದದ್ದು 2010ರಲ್ಲಿ, ನಮ್ಮ ನೆರೆಯ ಚೆನ್ನೈಯ ಮದರಾಸು ವಿಶ್ವವಿದ್ಯಾನಿಲಯದಲ್ಲಿ. ಬಾಲಸುಬ್ರಮಣಿಯನ್ ಮತ್ತು ಪೊನ್ನುರಾಜ್ ಎಂಬುವರು ಕ್ಷಕಿರಣಗಳ ಸಹಾಯದಿಂದ ಅದನ್ನು ಬಿಡಿಸಿದರು. ಒಂದೊಂದರಲ್ಲಿಯೂ 840 ಅಮೈನೋ ಆಮ್ಲಗಳಿರುವ ಆರು ಸರಪಣಿಗಳು ಕೂಡಿ ಒಂದು ಅಣುವಾಗಿದೆ. ಪ್ರತಿಯೊಂದು ಸರಪಣಿಯಲ್ಲಿಯೂ ಒಂದು ಕುಳಿ. ಅದರ ತಳದಲ್ಲಿ ಎರಡು ನಿಕಲ್ ಪರಮಾಣುಗಳು. ಯೂರಿಯಾ ಆ ಕುಳಿಯೊಳಗೆ ಹೊಕ್ಕು ನಿಕಲ್‌ಗೆ ಅಂಟಿಕೊಳ್ಳುತ್ತದೆ. ನಿಕಲ್ ಹಿಡಿದಿರುವ ನೀರಿನ ಭಾಗವೊಂದು ಅದರ ಇಂಗಾಲದ ಮೇಲೆ ಎರಗಿ ಬಂಧವನ್ನು ಒಡೆಯುತ್ತದೆ. ಒಡೆದ ತುಣುಕುಗಳು ಹೊರಬಿದ್ದೊಡನೆ ಕುಳಿ ಮುಂದಿನ ಅಣುವಿಗೆ ತೆರವಾಗುತ್ತದೆ. ಸೆಕೆಂಡೊಂದಕ್ಕೆ ಸಾವಿರಾರು ಅಣುಗಳು ಹೀಗೆ ಬಂದು ಹೋಗುತ್ತವೆ. ಬೀಗಕ್ಕೆ ಕೀಲಿಕೈ ಹೊಂದುವಂತೆ ಕಿಣ್ವಕ್ಕೆ ಅದರ ವಸ್ತು ಹೊಂದಬೇಕೆಂದು ಎಮಿಲ್ ಫಿಷರ್ 1894ರಲ್ಲಿ ಹೇಳಿದ್ದನು. ಬೀಗವೂ ಸ್ವಲ್ಪ ಬಳುಕುತ್ತದೆ ಎಂಬ ತಿದ್ದುಪಡಿಯೊಡನೆ ಆ ಉಪಮೆ ಇಂದಿಗೂ ನಿಂತಿದೆ.

ಗದ್ದೆಗೆ ಹಾಕಿದ ಯೂರಿಯಾವನ್ನೂ ಮಣ್ಣಿನ ಯೂರಿಯೇಸ್ ಕೆಲವೇ ದಿನಗಳಲ್ಲಿ ಒಡೆಯುತ್ತದೆ. ಗೊಬ್ಬರ ನೆಲದ ಮೇಲೆಯೇ ಬಿದ್ದಿದ್ದರೆ ಅಮೋನಿಯಾ ಗಾಳಿಗೆ ಹಾರಿ ರೈತನ ಹಣ ಅದರೊಡನೆ ಹೋಗುತ್ತದೆ. ಮಣ್ಣಿನೊಳಗೆ ಸೇರಿಸಿದರೆ ಬಹುಪಾಲು ಉಳಿಯುತ್ತದೆ. ನಮ್ಮ ದೇಶದಲ್ಲಿ 2015ರಿಂದ ಕಡ್ಡಾಯವಾದ ಬೇವಿನ ಲೇಪ ಮುಖ್ಯವಾಗಿ ತಡೆಯುವುದು ಇದರ ಮುಂದಿನ ಹಂತವನ್ನು, ಎಂದರೆ ಅಮೋನಿಯಾ ನೈಟ್ರೇಟ್ ಆಗುವುದನ್ನು. ಎರಡನ್ನೂ ಒಂದೇ ಎಂದು ತಿಳಿಯುವವರೇ ಹೆಚ್ಚು.

ಇದೇ ಕಿಣ್ವ ನಮ್ಮ ಹೊಟ್ಟೆಯಲ್ಲಿಯೂ ಸೇರಿಕೊಳ್ಳುವುದುಂಟು. ಜಠರದ ತೀಕ್ಷ್ಣ ಆಮ್ಲದಲ್ಲಿ ಯಾವ ಸೂಕ್ಷ್ಮಜೀವಿಯೂ ನೆಲೆಸಲಾರದೆಂದು ವೈದ್ಯರು ಬಹುಕಾಲ ನಂಬಿದ್ದರು. 1982ರಲ್ಲಿ ಆಸ್ಟ್ರೇಲಿಯದ ವಾರೆನ್ ಮತ್ತು ಮಾರ್ಷಲ್ ಅಲ್ಲಿ ಹೆಲಿಕೊಬ್ಯಾಕ್ಟರ್ ಪೈಲೋರಿ ಎಂದು ಈಗ ಹೆಸರಾಗಿರುವ ಜೀವಿಯನ್ನು ಬೆಳೆಸಿ ತೋರಿಸಿದರು. ಅದು ಯೂರಿಯೇಸನ್ನು ಹೇರಳವಾಗಿ ತಯಾರಿಸಿ, ಜಠರದಲ್ಲಿ ದೊರೆಯುವ ಯೂರಿಯಾವನ್ನು ಒಡೆದು, ಹುಟ್ಟಿದ ಅಮೋನಿಯಾದಿಂದ ತನ್ನ ಸುತ್ತಲಿನ ಆಮ್ಲವನ್ನು ತಣಿಸಿಕೊಂಡು ಬದುಕುತ್ತದೆ. ಜಠರದ ಹುಣ್ಣುಗಳಿಗೆ ಅದೇ ಒಂದು ಮುಖ್ಯ ಕಾರಣವೆಂದು ಸ್ಥಿರಪಟ್ಟು, ಅವರಿಗೆ 2005ರ ನೊಬೆಲ್ ಪಾರಿತೋಷಕ ಸಂದಿತು. ಆ ಜೀವಿಯನ್ನು ಪತ್ತೆಹಚ್ಚಲು ಈಗ ಹೊಟ್ಟೆಯೊಳಗೆ ನಳಿಕೆಯನ್ನು ಇಳಿಸಲೇಬೇಕೆಂದಿಲ್ಲ. ಸಾಧಾರಣ ಇಂಗಾಲದ ಬದಲು, ತೂಕದಲ್ಲಿ ತುಸು ಹೆಚ್ಚಿನ ಇಂಗಾಲ-13 ಇರುವ ಯೂರಿಯಾವನ್ನು ರೋಗಿಗೆ ಕುಡಿಸುತ್ತಾರೆ. ಅರ್ಧ ಗಂಟೆಯೊಳಗೆ ಅವನು ಬಿಟ್ಟ ಉಸಿರಿನ ಇಂಗಾಲದ ಡೈಆಕ್ಸೈಡಿನಲ್ಲಿ ಆ ಇಂಗಾಲ ಹೆಚ್ಚಾಗಿ ಕಂಡುಬಂದರೆ, ಒಳಗೆ ಯೂರಿಯೇಸ್ ಇದೆ. ಮನುಷ್ಯನ ಸ್ವಂತ ಜೀವಕೋಶಗಳು ಆ ಕಿಣ್ವವನ್ನು ತಯಾರಿಸುವುದಿಲ್ಲವಷ್ಟೆ.