ಲೆಕ್ಕದಲ್ಲಿ ತಪ್ಪು ಕಂಡಾಗ: ಮುಕ್ತ ಆಕರ ಗಣಕ ಭಾಷೆಯ ದೋಷ ವರದಿ ಮತ್ತು ತಿದ್ದುಪಡಿ

ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಲ್ಲಿ ಭತ್ತ ಬೆಳೆಯುವ ಮಾನ್ವಿ, ನಾರಾಯಣಪುರ ಬಲದಂಡೆ ಕಾಲುವೆಯಿಂದ ನೀರಾವರಿ ಪಡೆದ ದೇವದುರ್ಗ, ಹತ್ತಿ ಮತ್ತು ಭತ್ತದ ದೊಡ್ಡ ಪೇಟೆಯಾದ ರಾಯಚೂರು ನಗರ, ಈ ಮೂರು ಕಡೆಯ ವ್ಯವಹಾರವೂ ಒಂದು ಕಾಲಕ್ಕೆ ರೋಜುಕಿರ್ದಿ ಮತ್ತು ಖಾತೆ ಪುಸ್ತಕಗಳಲ್ಲಿ ನಡೆಯುತ್ತಿತ್ತು. ಇಂದು ಅದು ಗಣಕಯಂತ್ರಕ್ಕೆ ಬಂದಿದೆ. ಸಿದ್ಧ ತಂತ್ರಾಂಶಗಳ ಜೊತೆಗೆ, ತೂಕದ ಚೀಟಿಗಳಿಂದ ರೈತರ ಪಟ್ಟಿ ತಯಾರಿಸಲು, ಬ್ಯಾಂಕಿಗೆ ಪಾವತಿ ಯಾದಿ ಕಳುಹಿಸಲು, ತೆರಿಗೆ ವಿವರಗಳನ್ನು ತಾಳೆ ನೋಡಲು ಚಿಕ್ಕ ಪ್ರೋಗ್ರಾಂಗಳನ್ನು ಬರೆಸಿಕೊಳ್ಳುವ ಪರಿಪಾಠವೂ ಬೆಳೆಯುತ್ತಿದೆ. ಇಂತಹ ಕೆಲಸಕ್ಕೆ ಯುವ ಇಂಜಿನಿಯರುಗಳು ಸಾಮಾನ್ಯವಾಗಿ ಆರಿಸಿಕೊಳ್ಳುವ ಭಾಷೆಗಳಲ್ಲಿ ‘ಪೈಥಾನ್’ ಮುಖ್ಯವಾದುದು.

ಖರೀದಿಸಿದ ತಂತ್ರಾಂಶದಲ್ಲಿ ತಪ್ಪು ಕಂಡರೆ ಮಾರಿದವರನ್ನು ಕೇಳಬಹುದು. ಮಾಲೀಕರಿಲ್ಲದ, ಬೆಲೆಯಿಲ್ಲದ ಭಾಷೆಯಲ್ಲಿ ತಪ್ಪು ಕಂಡರೆ ಯಾರನ್ನು ಕೇಳಬೇಕು? ಅದನ್ನು ಸರಿಪಡಿಸುವವರು ಯಾರು? ಅಲ್ಲಿಯವರೆಗೆ ವರ್ತಕರು ಏನು ಮಾಡಬೇಕು? ಈ ಪ್ರಶ್ನೆಗಳ ಪರಿಶೀಲನೆಯೇ ಪ್ರಸ್ತುತ ಲೇಖನದ ಉದ್ದೇಶ.

ಮುಕ್ತ ಆಕರ ಎಂದರೇನು?

ಪೈಥಾನ್ ಭಾಷೆಯನ್ನು ರೂಪಿಸಿದವರು ನೆದರ್‌ಲ್ಯಾಂಡ್ಸ್ ದೇಶದ ಗೈಡೊ ವಾನ್ ರೋಸಮ್. ಇದರ ಮೊದಲ ಆವೃತ್ತಿ 1991ರಲ್ಲಿ ಬಿಡುಗಡೆಯಾಯಿತು. ಅವರು 2018ರಲ್ಲಿ ಅಂತಿಮ ನಿರ್ಣಯದ ಹೊಣೆಯಿಂದ ಹಿಂದೆ ಸರಿದರು. 2019ರಿಂದ ಐವರು ಸದಸ್ಯರ ಚುನಾಯಿತ ಮಂಡಳಿಯು ಆ ಹೊಣೆಯನ್ನು ನಿರ್ವಹಿಸುತ್ತಿದೆ. ಭಾಷೆಯ ಮೂಲ ಸಂಕೇತವನ್ನು ಯಾರು ಬೇಕಾದರೂ ಓದಬಹುದು, ಬಳಸಬಹುದು, ತಿದ್ದಬಹುದು. ಆದರೆ ಪರವಾನಗಿಯ ಷರತ್ತಿನಂತೆ ಅದನ್ನು ‘ಇದ್ದುದು ಇದ್ದ ಹಾಗೆ’ ನೀಡಲಾಗಿದೆ. ಯಾವುದೇ ಖಾತರಿ ಇರುವುದಿಲ್ಲ. ಬಳಕೆಯಿಂದ ನಷ್ಟವಾದರೆ ಪರಿಹಾರ ಕೇಳಲು ಅವಕಾಶವಿಲ್ಲ. ಆದುದರಿಂದ ಪರೀಕ್ಷಿಸಿ ಬಳಸುವ ಹೊಣೆ ಬಳಸುವವರದೇ ಆಗಿರುತ್ತದೆ.

ತಪ್ಪಿನ ಮೂರು ಬಗೆಗಳು

ಕಾಟಾ ತಪ್ಪು ತೋರಿಸುತ್ತದೆ ಎಂಬ ದೂರು ಬಂದಾಗ ಅನುಭವಿ ವರ್ತಕರು ಮೊದಲು ಮುದ್ರೆಯ ಬಟ್ಟುಗಳನ್ನು ಇಟ್ಟು ಪರೀಕ್ಷಿಸುತ್ತಾರೆ. ತಪ್ಪು ಕಾಟಾದ್ದೋ, ತೂಗಿದವನದೋ, ಚೀಟಿ ಬರೆದವನದೋ ಎಂಬುದು ಆಗ ತಿಳಿಯುತ್ತದೆ. ಗಣಕ ಭಾಷೆಗೂ ಇದೇ ಕ್ರಮ ಅನ್ವಯಿಸುತ್ತದೆ. ತಪ್ಪು ಉತ್ತರ ಬಂದಾಗ ಕಾರಣ ಮೂರರಲ್ಲಿ ಒಂದಾಗಿರುತ್ತದೆ:

1. ಪ್ರೋಗ್ರಾಂ ಬರೆದವರ ತಪ್ಪು. ಬಹುಪಾಲು ಪ್ರಕರಣಗಳು ಈ ವರ್ಗಕ್ಕೆ ಸೇರುತ್ತವೆ.

2. ಭಾಷೆಯ ನಿಯಮವೇ ಹಾಗಿದ್ದು, ಬಳಸುವವರ ನಿರೀಕ್ಷೆ ಬೇರೆಯಾಗಿರುವುದು.

3. ಭಾಷೆಯು ತನ್ನದೇ ಕೈಪಿಡಿಯಲ್ಲಿ ಹೇಳಿದಂತೆ ನಡೆದುಕೊಳ್ಳದಿರುವುದು. ‘ಬಗ್’ ಎಂದು ಕರೆಯಲ್ಪಡುವ ನಿಜವಾದ ದೋಷ ಇದು.

ಎರಡನೆಯ ಮತ್ತು ಮೂರನೆಯ ವರ್ಗಗಳ ನಡುವಿನ ಗೆರೆ ಯಾವಾಗಲೂ ಸ್ಪಷ್ಟವಾಗಿರುವುದಿಲ್ಲ. ಕೆಳಗಿನ ಎರಡು ಉದಾಹರಣೆಗಳಿಂದ ಇದು ವಿಶದವಾಗುತ್ತದೆ.

ಉದಾಹರಣೆ ಒಂದು: ಐವತ್ತು ಪೈಸೆಯ ಪ್ರಶ್ನೆ

ರಾಯಚೂರಿನ ಒಂದು ಜಿನ್ನಿಂಗ್ ಕಾರ್ಖಾನೆಯು ಹೊರರಾಜ್ಯಕ್ಕೆ ಮಾರಿದ ಹತ್ತಿ ಬೇಲುಗಳ ತೆರಿಗೆಯೋಗ್ಯ ಮೌಲ್ಯ 4,12,650 ರೂಪಾಯಿ ಎಂದಿಟ್ಟುಕೊಳ್ಳಬಹುದು. ಶೇ. 5ರ ದರದಲ್ಲಿ ಪಾವತಿಸಬೇಕಾದ ತೆರಿಗೆ 20,632 ರೂಪಾಯಿ 50 ಪೈಸೆ. ಕೇಂದ್ರ ಸರಕು ಮತ್ತು ಸೇವಾ ತೆರಿಗೆ ಅಧಿನಿಯಮ, 2017ರ 170ನೇ ಪ್ರಕರಣದ ಮೇರೆಗೆ 50 ಪೈಸೆ ಅಥವಾ ಅದಕ್ಕೆ ಮೇಲ್ಪಟ್ಟ ಭಾಗವನ್ನು ಒಂದು ರೂಪಾಯಿಗೆ ಏರಿಸತಕ್ಕದ್ದು, ಅದಕ್ಕೆ ಕಡಿಮೆಯಾದುದನ್ನು ಬಿಡತಕ್ಕದ್ದು. ಅಂದರೆ ಮೊತ್ತ 20,633 ರೂಪಾಯಿ ಆಗಬೇಕು. ಪೈಥಾನಿನ ‘ರೌಂಡ್’ ಆದೇಶ ಕೊಡುವ ಉತ್ತರ 20,632.

ಇದು ದೋಷವೆಂದು ಜಗತ್ತಿನ ನಾನಾ ಕಡೆಗಳಿಂದ ಪುನಃ ಪುನಃ ವರದಿಗಳು ಬಂದಿವೆ. ಪ್ರತಿ ಬಾರಿಯೂ ‘ಇದು ದೋಷವಲ್ಲ’ ಎಂಬ ಷರಾದೊಡನೆ ಅವು ಮುಕ್ತಾಯವಾಗಿವೆ. ಕಾರಣವಿಷ್ಟೆ: 2008ರ ಡಿಸೆಂಬರಿನಲ್ಲಿ ಬಂದ ಪೈಥಾನ್ 3ನೇ ಆವೃತ್ತಿಯಿಂದ, ಸರಿಯಾಗಿ ಅರ್ಧ ಬಂದಾಗ ಹತ್ತಿರದ ಸಮಸಂಖ್ಯೆಗೆ ಹೊಂದಿಸುವ ನಿಯಮವನ್ನು ಅಳವಡಿಸಲಾಗಿದೆ. ಇದಕ್ಕೆ ಬ್ಯಾಂಕರುಗಳ ಪೂರ್ಣಾಂಕ ಪದ್ಧತಿ ಎಂಬ ಹೆಸರಿದೆ. ಅರ್ಧವನ್ನು ಸದಾ ಮೇಲಕ್ಕೇ ಏರಿಸಿದರೆ ಸಾವಿರಾರು ನಮೂದುಗಳ ಒಟ್ಟು ಮೊತ್ತ ಒಂದೇ ಕಡೆ ವಾಲುತ್ತದೆ. ಸಮಸಂಖ್ಯೆಗೆ ಹೊಂದಿಸಿದರೆ ಏರಿಕೆ ಇಳಿಕೆಗಳು ಸರಿದೂಗುತ್ತವೆ. ಲೆಕ್ಕಶಾಸ್ತ್ರದ ದೃಷ್ಟಿಯಿಂದ ವಾದ ಸಮಂಜಸವೇ. ಆದರೆ ಭಾರತದ ತೆರಿಗೆ ಕಾನೂನು ಹೇಳುವುದು ಬೇರೆ. 2ನೇ ಆವೃತ್ತಿಯಲ್ಲಿ ಇದೇ ಆದೇಶವು ಅರ್ಧವನ್ನು ಮೇಲಕ್ಕೆ ಏರಿಸುತ್ತಿತ್ತು. ಹಳೆಯ ಪ್ರೋಗ್ರಾಂ ಅನ್ನು ಹೊಸ ಆವೃತ್ತಿಗೆ ತಂದವರಿಗೆ ಯಾವ ಸೂಚನೆಯೂ ಇಲ್ಲದೆ ಉತ್ತರ ಬದಲಾಗುತ್ತದೆ. 2ನೇ ಆವೃತ್ತಿಯ ಬೆಂಬಲ 2020ರ ಜನವರಿ 1ರಂದು ಕೊನೆಗೊಂಡಿತು.

20,633 ರೂಪಾಯಿ 50 ಪೈಸೆ ಇದ್ದರೆ ಎರಡೂ ಪದ್ಧತಿಗಳಲ್ಲಿ 20,634 ಎಂದೇ ಬರುತ್ತದೆ. ತಪ್ಪು ಕೆಲವೊಮ್ಮೆ ಮಾತ್ರ ಕಾಣಿಸಿಕೊಳ್ಳುವುದರಿಂದ ಪತ್ತೆ ಮಾಡುವುದು ಕಷ್ಟ. ಪರಿಹಾರ ಭಾಷೆಯಲ್ಲಿಯೇ ಇದೆ. 2004ರ 2.4ನೇ ಆವೃತ್ತಿಯಿಂದ ಲಭ್ಯವಿರುವ ‘ಡೆಸಿಮಲ್’ ಸೌಲಭ್ಯದಲ್ಲಿ ಅರ್ಧವನ್ನು ಏರಿಸುವ ನಿಯಮವನ್ನು ಸ್ಪಷ್ಟವಾಗಿ ಆರಿಸಿಕೊಳ್ಳಬಹುದು. ಪೈಥಾನಿನಲ್ಲಿ ರಚಿತವಾದ ಮುಕ್ತ ಲೆಕ್ಕಪತ್ರ ತಂತ್ರಾಂಶ ಇಆರ್‌ಪಿನೆಕ್ಸ್ಟ್‌ನಲ್ಲಿಯೂ ಬ್ಯಾಂಕರುಗಳ ಪದ್ಧತಿ ಮತ್ತು ವಾಣಿಜ್ಯ ಪದ್ಧತಿಗಳ ನಡುವೆ ಆಯ್ಕೆ ನೀಡಲಾಗಿದೆ. ಈ ಪ್ರಕರಣ ಎರಡನೆಯ ವರ್ಗಕ್ಕೆ ಸೇರಿದುದು. ಇಲ್ಲಿ ವರದಿ ಮಾಡುವುದರಿಂದ ಪ್ರಯೋಜನವಿಲ್ಲ. ಪ್ರೋಗ್ರಾಂ ತಿದ್ದಬೇಕು.

ಉದಾಹರಣೆ ಎರಡು: ಕನ್ನಡದ ಹೆಸರುಗಳು

ಪಠ್ಯದಿಂದ ಪದಗಳನ್ನು ಬೇರ್ಪಡಿಸಲು ಪೈಥಾನಿನ ‘ರೆಗ್ಯುಲರ್ ಎಕ್ಸ್‌ಪ್ರೆಷನ್’ ವಿಭಾಗದಲ್ಲಿ ಒಂದು ಸಂಕೇತವಿದೆ. ಓರೆಗೆರೆಯ ಮುಂದೆ ಚಿಕ್ಕ ‘ಡಬ್ಲ್ಯು’ ಅಕ್ಷರ ಬರೆದರೆ ‘ಪದದಲ್ಲಿ ಬರಬಹುದಾದ ಅಕ್ಷರ’ ಎಂದರ್ಥ. ಇಂಗ್ಲಿಷ್ ಹೆಸರುಗಳಿಗೆ ಇದು ಸರಿಯಾಗಿ ಕೆಲಸ ಮಾಡುತ್ತದೆ. ಕನ್ನಡದ ಸ್ಥಿತಿ ಬೇರೆ. ಯುನಿಕೋಡ್ ವ್ಯವಸ್ಥೆಯಲ್ಲಿ ಕನ್ನಡದ ವ್ಯಂಜನ ಒಂದು ಸಂಕೇತ, ಅದಕ್ಕೆ ಹತ್ತುವ ಗುಡಿಸು, ಕೊಂಬುಗಳು ಬೇರೆ ಸಂಕೇತ. ಪೈಥಾನ್ ವ್ಯಂಜನವನ್ನು ಅಕ್ಷರವೆಂದು ಒಪ್ಪುತ್ತದೆ. ಸ್ವರಚಿಹ್ನೆ, ಅನುಸ್ವಾರ, ಒತ್ತಕ್ಷರ ಮೂಡಿಸುವ ಹಲಂತ ಚಿಹ್ನೆ ಇವುಗಳನ್ನು ಒಪ್ಪುವುದಿಲ್ಲ.

ಪರಿಣಾಮ ಹೀಗಿರುತ್ತದೆ. ‘ರಾಯಚೂರು’ ಎಂಬ ಪದ ‘ರ’, ‘ಯಚ’, ‘ರ’ ಎಂದು ಮೂರು ತುಂಡಾಗುತ್ತದೆ. ‘ಮಾನ್ವಿ’ಯು ‘ಮ’, ‘ನ’, ‘ವ’ ಆಗುತ್ತದೆ. ‘ದೇವದುರ್ಗ’ವು ‘ದ’, ‘ವದ’, ‘ರ’, ‘ಗ’ ಎಂದು ನಾಲ್ಕಾಗುತ್ತದೆ. ಯಾವ ಚಿಹ್ನೆಯೂ ಇಲ್ಲದ ‘ನಗರ’ ಎಂಬ ಪದ ಮಾತ್ರ ಅಖಂಡವಾಗಿ ಉಳಿಯುತ್ತದೆ. ಅಂತಹ ಪದದಿಂದ ಪರೀಕ್ಷಿಸಿದವರಿಗೆ ತಪ್ಪು ಕಾಣಿಸುವುದೇ ಇಲ್ಲ.

ವ್ಯವಹಾರದಲ್ಲಿ ಇದರ ಅಪಾಯ ಸಣ್ಣದಲ್ಲ. ರೈತರ ಯಾದಿಯಲ್ಲಿನ ಚುಕ್ಕೆ, ಅಡ್ಡಗೆರೆ, ಖಾಲಿ ಜಾಗಗಳನ್ನು ತೆಗೆದು ಹೆಸರನ್ನು ಶುದ್ಧಗೊಳಿಸುವ ಪ್ರೋಗ್ರಾಂ ಈ ಸಂಕೇತವನ್ನು ಬಳಸಿದರೆ, ಪದಾಕ್ಷರವಲ್ಲದ್ದನ್ನೆಲ್ಲ ಅಳಿಸುತ್ತದೆ. ಆಗ ‘ರಾಮ’ ಎಂಬ ಹೆಸರೂ ‘ರಮಾ’ ಎಂಬ ಹೆಸರೂ ‘ರಮ’ ಎಂದೇ ಆಗುತ್ತವೆ. ಹೆಸರಿನ ಆಧಾರದ ಮೇಲೆ ಖಾತೆ ಹೊಂದಿಸಿದರೆ ಒಬ್ಬರ ಭತ್ತದ ಹಣ ಮತ್ತೊಬ್ಬರ ಖಾತೆಗೆ ಜಮಾ ಆಗಬಹುದು. ಒಟ್ಟು ಮೊತ್ತ ತಾಳೆಯಾಗುವುದರಿಂದ ತೇರೀಜಿನಲ್ಲಿ ಈ ತಪ್ಪು ಹೊರಬೀಳುವುದಿಲ್ಲ.

ಈ ಕೊರತೆಯನ್ನು 2007ರಲ್ಲಿಯೇ ವರದಿ ಮಾಡಲಾಗಿದೆ. ವರದಿಯ ಸಂಖ್ಯೆ 1693050. ರೋಮನ್ ಅಲ್ಲದ ಲಿಪಿಗಳಿಗೆ ಈ ಸಂಕೇತ ಉಪಯುಕ್ತವಾಗಿಲ್ಲ ಎಂಬುದು ಅದರ ಶೀರ್ಷಿಕೆಯ ಆಶಯ. 2011ರಲ್ಲಿ 12731 ಸಂಖ್ಯೆಯ ಮತ್ತೊಂದು ವರದಿಯು, ಇದು ಯುನಿಕೋಡ್ ಮಾರ್ಗಸೂಚಿಗೆ ವಿರುದ್ಧವೆಂದು ಎತ್ತಿ ತೋರಿಸಿತು. ಆದರೂ 2023ರ 3.12ನೇ ಆವೃತ್ತಿಯಲ್ಲಿ ಹಳೆಯ ನಡವಳಿಕೆಯೇ ಮುಂದುವರಿದಿದೆ. ಬದಲಾದುದು ಕೈಪಿಡಿ. ‘ಯಾವುದೇ ಭಾಷೆಯ ಪದದಲ್ಲಿ ಬರುವ ಬಹುತೇಕ ಅಕ್ಷರಗಳು’ ಎಂಬ ಅರ್ಥದ ಹಳೆಯ ವಿವರಣೆಯ ಬದಲು, ಅಕ್ಷರ ಮತ್ತು ಅಂಕಿಗಳೆಂದು ವರ್ಗೀಕೃತವಾದವು ಮಾತ್ರ ಎಂಬ ನಿಖರ ವಿವರಣೆ ಬಂದಿದೆ. ಹಳೆಯ ವಿವರಣೆಯ ಪ್ರಕಾರ ದೋಷವಾಗಿದ್ದುದು ಹೊಸ ವಿವರಣೆಯ ಪ್ರಕಾರ ನಿಯಮವಾಯಿತು. ಕರಾರಿಗೆ ಹೊಂದದ ಸರಕನ್ನು ಬದಲಾಯಿಸುವ ಬದಲು ಕರಾರನ್ನೇ ಸರಕಿಗೆ ಹೊಂದಿಸಿದಂತಾಯಿತು.

ಇದರಲ್ಲಿ ಕೇವಲ ಉದಾಸೀನವನ್ನು ಕಾಣುವುದು ನ್ಯಾಯವಲ್ಲ. ಸಂಕೇತದ ಅರ್ಥ ಬದಲಿಸಿದರೆ ಅದನ್ನೇ ನಂಬಿ ಈಗಾಗಲೇ ನಡೆಯುತ್ತಿರುವ ಅಸಂಖ್ಯ ಪ್ರೋಗ್ರಾಂಗಳ ಉತ್ತರ ಬದಲಾಗುತ್ತದೆ. ಆದರೂ ವರದಿ ವ್ಯರ್ಥವಾಗಲಿಲ್ಲ. ಮ್ಯಾಥ್ಯೂ ಬಾರ್ನೆಟ್ ಎಂಬವರು ಸಿದ್ಧಪಡಿಸಿದ ‘ರೆಜೆಕ್ಸ್’ ಎಂಬ ಪ್ರತ್ಯೇಕ ಸೌಲಭ್ಯದಲ್ಲಿ ಸ್ವರಚಿಹ್ನೆಗಳನ್ನೂ ಪದದ ಭಾಗವೆಂದು ಪರಿಗಣಿಸಲಾಗಿದ್ದು, ಅದರ ಕೈಪಿಡಿಯಲ್ಲಿ 1693050 ಸಂಖ್ಯೆಯ ವರದಿಯ ಉಲ್ಲೇಖವೇ ಇದೆ. ಅದನ್ನು ಉಚಿತವಾಗಿ ಅಳವಡಿಸಿಕೊಂಡರೆ ‘ರಾಯಚೂರು’ ರಾಯಚೂರಾಗಿಯೇ ಉಳಿಯುತ್ತದೆ.

ವರದಿ ಮಾಡುವ ಕ್ರಮ

ಪೈಥಾನಿನ ದೋಷಗಳ ದಾಖಲೆಯು 2022ರ ಏಪ್ರಿಲಿನಿಂದ ‘ಗಿಟ್‌ಹಬ್’ ತಾಣದಲ್ಲಿದೆ. ಖಾತೆ ತೆರೆದ ಯಾರಾದರೂ ವರದಿ ಸಲ್ಲಿಸಬಹುದು, ಶುಲ್ಕವಿಲ್ಲ. ಅನುಸರಿಸಬೇಕಾದ ಕ್ರಮ ಹೀಗಿದೆ:

1. ಅದೇ ವಿಷಯದ ಹಳೆಯ ವರದಿ ಇದೆಯೇ ಎಂದು ಹುಡುಕಬೇಕು. ಇದ್ದರೆ ಹೊಸದನ್ನು ತೆರೆಯದೆ, ಹೊಸ ಮಾಹಿತಿಯಿದ್ದಲ್ಲಿ ಅದರಲ್ಲಿಯೇ ಸೇರಿಸಬೇಕು.

2. ಸಾವಿರ ಸಾಲಿನ ಪ್ರೋಗ್ರಾಂ ಕಳುಹಿಸಬಾರದು. ತಪ್ಪು ಪುನಃ ಕಾಣುವಷ್ಟು, ಮೂರು ನಾಲ್ಕು ಸಾಲಿಗೆ ಇಳಿಸಬೇಕು. ಹೀಗೆ ಇಳಿಸುವಾಗಲೇ ಅನೇಕ ವೇಳೆ ತಪ್ಪು ತಮ್ಮದೆಂದು ತಿಳಿದುಬರುತ್ತದೆ.

3. ಭಾಷೆಯ ಆವೃತ್ತಿ, ಗಣಕದ ಕಾರ್ಯಾಚರಣ ವ್ಯವಸ್ಥೆ, ಬಂದ ಉತ್ತರ, ಬರಬೇಕಾದ ಉತ್ತರ ಮತ್ತು ಅದಕ್ಕೆ ಕೈಪಿಡಿಯ ಆಧಾರ ಇವಿಷ್ಟನ್ನೂ ನಮೂದಿಸಬೇಕು.

4. ಒಂದು ವರದಿಯಲ್ಲಿ ಒಂದೇ ದೋಷವಿರಬೇಕು.

5. ವರದಿಯನ್ನು ಇಡೀ ಜಗತ್ತು ಓದುತ್ತದೆ. ರೈತರ ಹೆಸರು, ಬ್ಯಾಂಕ್ ಖಾತೆ, ತೆರಿಗೆ ನೋಂದಣಿ ಸಂಖ್ಯೆ, ಖರೀದಿ ದರ ಯಾವುದೂ ಅದರಲ್ಲಿ ಇರಕೂಡದು. ಊರ ಹೆಸರಿನಂತಹ ನಿರಪಾಯ ಪದಗಳೇ ಸಾಕು.

6. ದೋಷವು ಕಳ್ಳತನಕ್ಕೆ ದಾರಿ ಮಾಡುವಂತಹುದಾದರೆ ಬಹಿರಂಗವಾಗಿ ಬರೆಯದೆ, ಭದ್ರತಾ ತಂಡಕ್ಕೆ ಗೋಪ್ಯವಾಗಿ ತಿಳಿಸುವ ಪ್ರತ್ಯೇಕ ಮಾರ್ಗವನ್ನು ಬಳಸಬೇಕು.

ತಿದ್ದುಪಡಿಯ ಹಾದಿ

ವರದಿ ಅಂಗೀಕಾರವಾದ ಬಳಿಕ ಸ್ವಯಂಸೇವಕರೊಬ್ಬರು ಅಥವಾ ವರದಿ ಮಾಡಿದವರೇ ತಿದ್ದುಪಡಿಯನ್ನು ಬರೆಯುತ್ತಾರೆ. ಅದರೊಡನೆ ಒಂದು ಪರೀಕ್ಷೆಯನ್ನೂ ಲಗತ್ತಿಸಬೇಕು. ಆ ಪರೀಕ್ಷೆ ಹಳೆಯ ಸಂಕೇತದಲ್ಲಿ ವಿಫಲವಾಗಬೇಕು, ತಿದ್ದಿದ ನಂತರ ಸಫಲವಾಗಬೇಕು. ಅದೇ ದೋಷ ಮುಂದೆ ಮರುಕಳಿಸದಂತೆ ಅದು ಶಾಶ್ವತವಾಗಿ ಉಳಿಯುತ್ತದೆ. ಮೂಲ ಸಂಕೇತದ ಮೇಲೆ ಅಧಿಕಾರವುಳ್ಳ ಸದಸ್ಯರು ಪರಿಶೀಲಿಸಿ ಒಪ್ಪಿದ ಮೇಲೆ ಅದು ಸೇರ್ಪಡೆಯಾಗುತ್ತದೆ. ಯಾರು ಬರೆದರು, ಯಾರು ಒಪ್ಪಿದರು, ಯಾವ ದಿನ ಎಂಬುದೆಲ್ಲ ದಾಖಲಾಗಿರುತ್ತದೆ. ಹಳೆಯ ನಮೂದನ್ನು ಅಳಿಸದೆ, ವೋಚರಿನ ಆಧಾರದ ಮೇಲೆ ತಿದ್ದುಪಡಿ ನಮೂದು ಹಾಕುವ ಲೆಕ್ಕಪತ್ರ ಶಿಸ್ತಿಗೆ ಇದು ಸಮೀಪವಾಗಿದೆ.

ಸೇರ್ಪಡೆಯಾದ ಮಾತ್ರಕ್ಕೆ ಅಂಗಡಿಯ ಗಣಕದಲ್ಲಿ ತಪ್ಪು ಸರಿಯಾಗುವುದಿಲ್ಲ. ಹೊಸ ಬಿಡುಗಡೆಯನ್ನು ಅಳವಡಿಸಬೇಕು. ಪ್ರತಿ ಆವೃತ್ತಿಗೆ ಮೊದಲ ಒಂದೂವರೆ ಎರಡು ವರ್ಷ ಸಾಮಾನ್ಯ ತಿದ್ದುಪಡಿಗಳೂ, ಐದು ವರ್ಷ ತುಂಬುವವರೆಗೆ ಭದ್ರತಾ ತಿದ್ದುಪಡಿಗಳೂ ದೊರೆಯುತ್ತವೆ. ಉದಾಹರಣೆಗೆ, 3.8ನೇ ಆವೃತ್ತಿಯ ಅವಧಿ 2024ರ ಅಕ್ಟೋಬರಿನಲ್ಲಿ ಮುಗಿಯಿತು.

ಕಾಲಾವಧಿಯ ಖಾತರಿಯೂ ಇಲ್ಲ. ‘ಟಾರ್’ ಕಡತಗಳನ್ನು ಬಿಚ್ಚುವಾಗ ಗಣಕದ ಬೇರೆ ಕಡತಗಳು ಅಳಿಸಿ ಬರೆಯಲ್ಪಡಬಹುದಾದ ದೌರ್ಬಲ್ಯವೊಂದು 2007ರಲ್ಲಿ ಬೆಳಕಿಗೆ ಬಂದಿತು. ದೀರ್ಘಕಾಲ ಕೈಪಿಡಿಯ ಎಚ್ಚರಿಕೆಯೇ ಅದಕ್ಕೆ ಉತ್ತರವಾಗಿತ್ತು. 2022ರಲ್ಲಿ ವಿಷಯ ಮತ್ತೆ ಮುನ್ನೆಲೆಗೆ ಬಂದು, 2023ರ 3.12ನೇ ಆವೃತ್ತಿಯಲ್ಲಿ ರಕ್ಷಣೆಯ ವ್ಯವಸ್ಥೆ ಸೇರಿತು. 2025ರ 3.14ನೇ ಆವೃತ್ತಿಯಲ್ಲಿ ಅದು ತಾನಾಗಿಯೇ ಜಾರಿಯಲ್ಲಿರುವಂತಾಯಿತು. ಅದೇ 2007ರಲ್ಲಿ ದಾಖಲಾದ ಭಾರತೀಯ ಲಿಪಿಗಳ ಅಹವಾಲಿಗೆ ಅಂತಹ ಒತ್ತಾಯ ಒದಗಿಬರಲಿಲ್ಲ.

ವರ್ತಕರು ಗಮನಿಸಬೇಕಾದ ಅಂಶಗಳು

• ಪ್ರೋಗ್ರಾಂ ಬರೆಸುವಾಗ ಪೂರ್ಣಾಂಕ ಮಾಡುವ ನಿಯಮವನ್ನು ಲಿಖಿತವಾಗಿ ಕೊಡಬೇಕು. 50 ಪೈಸೆಯಲ್ಲಿ ಕೊನೆಗೊಳ್ಳುವ ಒಂದು ಸಮ ಮತ್ತು ಒಂದು ಬೆಸ ಮೊತ್ತದಿಂದ ಪರೀಕ್ಷಿಸಬೇಕು.

• ಕನ್ನಡದ ಹೆಸರುಗಳ ಪರೀಕ್ಷೆಗೆ ‘ನಗರ’ದಂತಹ ಪದ ಸಾಲದು. ದೀರ್ಘ, ಒತ್ತಕ್ಷರ, ಅನುಸ್ವಾರ ಮೂರೂ ಸಿಗುವಂತೆ ರಾಯಚೂರು, ದೇವದುರ್ಗ, ಲಿಂಗಸುಗೂರು, ಸಿಂಧನೂರುಗಳನ್ನು ಬಳಸಬೇಕು.

• ಪಾವತಿಯನ್ನು ಹೆಸರಿನ ಮೇಲೆ ಹೊಂದಿಸದೆ ಖಾತೆ ಸಂಖ್ಯೆಯ ಮೇಲೆ ಹೊಂದಿಸಬೇಕು.

• ಬಳಕೆಯಲ್ಲಿರುವ ಭಾಷೆಯ ಆವೃತ್ತಿ ಮತ್ತು ಅದರ ಅವಧಿ ಮುಗಿಯುವ ದಿನಾಂಕವನ್ನು ಬರೆದಿಟ್ಟುಕೊಳ್ಳಬೇಕು. ಆವೃತ್ತಿ ಬದಲಿಸಿದಾಗ ಹಿಂದಿನ ತಿಂಗಳ ಲೆಕ್ಕವನ್ನು ಪುನಃ ನಡೆಸಿ ತಾಳೆ ನೋಡಬೇಕು.

• ದೋಷ ಕಂಡಾಗ ಪ್ರೋಗ್ರಾಂ ಬರೆದವರಿಂದ ವರದಿ ಮಾಡಿಸಿ, ವರದಿಯ ಸಂಖ್ಯೆಯನ್ನು ದಾಖಲೆಯಲ್ಲಿ ಇಡಬೇಕು. ಉತ್ತರ ಬರುವವರೆಗಿನ ತಾತ್ಕಾಲಿಕ ಪರಿಹಾರವನ್ನೂ ನಮೂದಿಸಬೇಕು.

ಮುಕ್ತ ಆಕರ ಭಾಷೆಯಲ್ಲಿ ಗ್ರಾಹಕನೆಂಬ ಸ್ಥಾನ ಯಾರಿಗೂ ಇಲ್ಲ. ಬಳಸುವವರೆಲ್ಲರೂ ಒಂದು ಅರ್ಥದಲ್ಲಿ ಪಾಲುದಾರರೇ. ಕನ್ನಡದ ತೊಂದರೆಯನ್ನು ಕನ್ನಡದಲ್ಲಿ ವ್ಯವಹರಿಸುವವರು ತಿಳಿಸದಿದ್ದರೆ ದೂರದಲ್ಲಿರುವ ತಿದ್ದುಗಾರರಿಗೆ ಅದರ ತೀವ್ರತೆ ತಿಳಿಯುವ ಮಾರ್ಗವಿಲ್ಲ. 2019ರಲ್ಲಿ ಸ್ಥಾಪನೆಯಾದ ಭಾರತೀಯ ಮಾಹಿತಿ ತಂತ್ರಜ್ಞಾನ ಸಂಸ್ಥೆಯು ರಾಯಚೂರಿನಲ್ಲಿಯೇ ಇದೆ. ಮಾರುಕಟ್ಟೆಯ ಅನುಭವ ಮತ್ತು ಅಲ್ಲಿನ ವಿದ್ಯಾರ್ಥಿಗಳ ತಾಂತ್ರಿಕ ಜ್ಞಾನ ಒಂದೆಡೆ ಸೇರಿದರೆ ವರದಿ ಮಾತ್ರವಲ್ಲ, ತಿದ್ದುಪಡಿಯೂ ಇಲ್ಲಿಂದಲೇ ಹೋಗಬಹುದು. ಅಲ್ಲಿಯವರೆಗೆ ಪ್ರತಿ ಪಟ್ಟಿಯನ್ನೂ ಪರೀಕ್ಷಿಸಿ ಸಹಿ ಹಾಕುವ ಹಳೆಯ ಅಭ್ಯಾಸವನ್ನು ಕೈಬಿಡದಿರುವುದೇ ಕ್ಷೇಮ.