ಯುವ ಆಯೋಗದಲ್ಲಿ ಸೀಟು ಹೆಚ್ಚಬೇಕೆ? ಮೊದಲು ಕೋರಂ ಲೆಕ್ಕ ಹಾಕಿ

ಸ್ಯಾನ್ ಹೋಸೆ, ಕುಪರ್ಟಿನೊ, ಫ್ರೀಮಾಂಟ್ ಕಡೆಯ ಕನ್ನಡ ಮನೆಗಳಲ್ಲಿ ಹೈಸ್ಕೂಲು ಮೆಟ್ಟಿಲು ಹತ್ತಿದ ಮಕ್ಕಳು ರೋಬಾಟಿಕ್ಸ್, ಡಿಬೇಟು ಎಂದು ಓಡಾಡುವ ನಡುವೆ ಇನ್ನೊಂದು ಅರ್ಜಿಯನ್ನೂ ತುಂಬುವುದುಂಟು. ಅದು ತಮ್ಮ ಊರಿನ ಯುವ ಆಯೋಗದ ಸದಸ್ಯತ್ವದ ಅರ್ಜಿ. ಹೆಸರು ಊರಿಗೊಂದು: ಯೂತ್ ಕಮಿಷನ್, ಟೀನ್ ಕಮಿಷನ್, ಯೂತ್ ಅಡ್ವೈಸರಿ ಕೌನ್ಸಿಲ್. ಕೆಲಸ ಹೆಚ್ಚುಕಡಿಮೆ ಒಂದೇ. ಪಾರ್ಕು, ಬಸ್ಸು, ಗ್ರಂಥಾಲಯ, ಬಜೆಟ್ಟುಗಳ ವಿಷಯದಲ್ಲಿ ಎಳೆಯರ ಅಭಿಪ್ರಾಯವನ್ನು ಸಿಟಿ ಕೌನ್ಸಿಲ್ಲಿಗೆ ಮುಟ್ಟಿಸುವುದು. ಅರ್ಜಿ ಹಾಕಿದವರಲ್ಲಿ ಕೆಲವರಿಗಷ್ಟೇ ಜಾಗ ಸಿಗುತ್ತದೆ. ಸಿಗದಿದ್ದಾಗ ಅಪ್ಪ ಅಮ್ಮಂದಿರ ಮೊದಲ ಮಾತು, ‘ಇನ್ನಷ್ಟು ಸೀಟು ಮಾಡಬಾರದೇ?’

ಮಾಡಬಹುದು. ಅದಕ್ಕೆ ದಾರಿಯಿದೆ, ಊರಿನ ಯಾವ ನಿವಾಸಿಯೂ ಆ ದಾರಿ ಹಿಡಿಯಬಹುದು. ಆದರೆ ಬರೀ ಸಂಖ್ಯೆ ಕೇಳಿ ಸುಮ್ಮನಾದರೆ ಆಯೋಗದಲ್ಲಿ ಉತ್ಸವಮೂರ್ತಿಗಳು ಹೆಚ್ಚುತ್ತವೆಯೇ ಹೊರತು ಎಳೆಯರ ಮಾತಿಗೆ ತೂಕ ಬರುವುದಿಲ್ಲ. ಆದ್ದರಿಂದ ಸೀಟಿನ ಜೊತೆಗೆ ಏನೇನು ಕೇಳಬೇಕು, ಯಾರನ್ನು, ಯಾವ ಕ್ರಮದಲ್ಲಿ ಕೇಳಬೇಕು ಎಂಬುದನ್ನು ಇಲ್ಲಿ ಹೇಳಿದೆ. ಇಲ್ಲಿರುವ ನಿಯಮಗಳು ಕ್ಯಾಲಿಫೋರ್ನಿಯಾದವು. ಬೇರೆ ರಾಜ್ಯಗಳಲ್ಲಿ ದಿನಗಳ ಲೆಕ್ಕ ಬದಲಾಗುತ್ತದೆ.

ಆಯೋಗ ಹುಟ್ಟಿದ ಕಾಗದ ಯಾವುದು?

ಮೊದಲು ಸಿಟಿ ಕ್ಲರ್ಕ್ ಕಚೇರಿಗೆ ಹೋಗಿ ಇದೊಂದನ್ನೇ ಕೇಳಿ. ಉಳಿದದ್ದೆಲ್ಲ ಇದರ ಉತ್ತರದ ಮೇಲೆ ನಿಂತಿದೆ.

ಕೆಲವು ಯುವ ಮಂಡಳಿಗಳು ಇಲಾಖೆಯ ಅಧಿಕಾರಿಗಳು ತಾವಾಗಿಯೇ ಮಾಡಿಕೊಂಡವು. ಇಂಥ ಕಡೆ ಇಲಾಖೆಯ ಮುಖ್ಯಸ್ಥರು ಮನಸ್ಸು ಮಾಡಿದರೆ ನಾಳೆಯೇ ಹತ್ತು ಸೀಟು ಸೇರಿಸಬಹುದು, ನಾಡಿದ್ದು ಮಂಡಳಿಯನ್ನೇ ಮುಚ್ಚಲೂಬಹುದು. ಕೌನ್ಸಿಲ್ ಠರಾವಿನಿಂದ ಹುಟ್ಟಿದ್ದಾದರೆ ಇನ್ನೊಂದು ಠರಾವು ಸಾಕು, ಒಂದೇ ಸಭೆಯಲ್ಲಿ ಕೆಲಸ ಮುಗಿಯುತ್ತದೆ. ಆರ್ಡಿನೆನ್ಸ್, ಅಂದರೆ ನಗರ ಮಟ್ಟದ ಕಾನೂನಿನಿಂದ ಹುಟ್ಟಿದ್ದಾದರೆ ಅದನ್ನೇ ತಿದ್ದಬೇಕು. ರಾಜ್ಯದ ಸಾಮಾನ್ಯ ಕಾನೂನಿನಡಿ ನಡೆಯುವ ನಗರಗಳಲ್ಲಿ ತಿದ್ದುಪಡಿಯನ್ನು ಒಂದು ಸಭೆಯಲ್ಲಿ ಮಂಡಿಸಿದ ಮೇಲೆ ಕನಿಷ್ಠ 5 ದಿನ ಕಳೆಯದೆ ಅಂಗೀಕರಿಸುವಂತಿಲ್ಲ. ಅಂಗೀಕಾರವಾದ 30 ದಿನಗಳ ನಂತರ ಅದು ಜಾರಿಗೆ ಬರುತ್ತದೆ. ಸ್ವಂತ ಚಾರ್ಟರ್ ಇರುವ ನಗರಗಳಲ್ಲಿ ಈ ಲೆಕ್ಕ ಬೇರೆಯಿರಬಹುದು.

ಆಯೋಗವನ್ನು ಚಾರ್ಟರೇ ಹುಟ್ಟಿಸಿದ್ದರೆ ಕೆಲಸ ದೊಡ್ಡದು. ಚಾರ್ಟರ್ ಎಂದರೆ ಊರಿನ ಸಂವಿಧಾನ, ಅದನ್ನು ತಿದ್ದಬೇಕಾದರೆ ಮತದಾರರೇ ಒಪ್ಪಬೇಕು. ಸ್ಯಾನ್‌ಫ್ರಾನ್ಸಿಸ್ಕೊ ಯುವ ಆಯೋಗ ಈ ಬಗೆಯದು. 1995ರ ಮತದಾನದಲ್ಲಿ ಹುಟ್ಟಿದ ಈ ಆಯೋಗದಲ್ಲಿ 17 ಸೀಟು, ಸದಸ್ಯರ ವಯಸ್ಸು 12ರಿಂದ 23. ನಮ್ಮ ಕಾರ್ಪೊರೇಟರ್‌ಗಳಂತೆ ಒಂದೊಂದು ವಲಯದಿಂದ ಆರಿಸಿ ಬರುವ 11 ಸೂಪರ್‌ವೈಸರ್‌ಗಳು ತಲಾ ಒಬ್ಬರನ್ನು ನೇಮಿಸುತ್ತಾರೆ. ಮೇಯರ್ ಒಬ್ಬರನ್ನು ನೇಮಿಸಿ, ಅದರ ಮೇಲೆ ಪ್ರಾತಿನಿಧ್ಯ ಕಡಿಮೆಯಿರುವ ಸಮುದಾಯಗಳಿಂದ ಇನ್ನೂ ಐವರನ್ನು ತರುತ್ತಾರೆ. ಇಲ್ಲಿ ಹದಿನೆಂಟನೆಯ ಸೀಟು ಬೇಕೆಂದರೆ ಊರಿಗೆ ಊರೇ ಮತ ಹಾಕಬೇಕು. ಹಾಗೆಂದೇ ಇದ್ದ ಸೀಟನ್ನು ಕಿತ್ತುಕೊಳ್ಳುವುದೂ ಅಷ್ಟೇ ಕಷ್ಟ. ತಿದ್ದಲು ಸುಲಭವಾದ ಕಾಗದಕ್ಕೆ ಆಯುಷ್ಯ ಕಡಿಮೆ. ಠರಾವಿನಿಂದ ಹುಟ್ಟಿದ ಆಯೋಗವಾದರೆ ಸೀಟು ಕೇಳುವಾಗಲೇ ಅದನ್ನು ಆರ್ಡಿನೆನ್ಸ್ ಮಟ್ಟಕ್ಕೆ ಏರಿಸಿ ಎಂದೂ ಕೇಳಿ. ಕೇಳುವುದಕ್ಕೇನೂ ದುಡ್ಡು ಕೊಡಬೇಕಾಗಿಲ್ಲ.

ಖಾಲಿ ಕುರ್ಚಿಗಳ ಲೆಕ್ಕ

ಇರುವ ಸೀಟುಗಳೇ ತುಂಬಿಲ್ಲದಿದ್ದರೆ ಹೊಸ ಸೀಟಿನ ಬೇಡಿಕೆ ಮೊದಲ ಪ್ರಶ್ನೆಗೇ ಮುಗ್ಗರಿಸುತ್ತದೆ. ಇದನ್ನು ತಿಳಿಯಲು ಕ್ಯಾಲಿಫೋರ್ನಿಯಾದಲ್ಲಿ ಮ್ಯಾಡಿ ಕಾಯ್ದೆ ಎಂಬ ಒಳ್ಳೆಯ ಕಾನೂನಿದೆ. ಮುಂದಿನ ವರ್ಷ ಯಾವ ಆಯೋಗದಲ್ಲಿ ಯಾರ ಅವಧಿ ಮುಗಿಯುತ್ತದೆ, ಆ ಸೀಟಿಗೆ ಅರ್ಹತೆ ಏನು ಎಂಬ ಪಟ್ಟಿಯನ್ನು ಪ್ರತಿ ನಗರವೂ ಡಿಸೆಂಬರ್ 31ರೊಳಗೆ ಸಿದ್ಧಪಡಿಸಬೇಕು. ಆ ಪಟ್ಟಿ ಕೇಳಿ ತೆಗೆದುಕೊಳ್ಳಿ.

ಪಟ್ಟಿಯಲ್ಲಿಲ್ಲದ್ದನ್ನು ಸಾರ್ವಜನಿಕ ದಾಖಲೆಗಳ ಕಾಯ್ದೆಯಡಿ ಬರೆದು ಕೇಳಬಹುದು. ನಮ್ಮ ಆರ್‌ಟಿಐಗೆ 30 ದಿನದ ಗಡುವಿದ್ದರೆ, ಅಲ್ಲಿ ದಾಖಲೆ ಕೊಡುತ್ತೇವೋ ಇಲ್ಲವೋ ಎಂದು 10 ದಿನದಲ್ಲಿ ತಿಳಿಸಬೇಕು, ವಿಶೇಷ ಕಾರಣವಿದ್ದರೆ ಇನ್ನೂ 14 ದಿನ ತೆಗೆದುಕೊಳ್ಳಬಹುದು. ಮೂರು ವಿಷಯ ಕೇಳಿದರೆ ಸಾಕು: ಕಳೆದ ಕೆಲವು ವರ್ಷಗಳಲ್ಲಿ ಬಂದ ಅರ್ಜಿಗಳೆಷ್ಟು, ಆಯ್ಕೆಯಾದವರು ಯಾವ ಯಾವ ಬಡಾವಣೆಯವರು, ಕೋರಂ, ಅಂದರೆ ಸಭೆ ನಡೆಯಲು ಬೇಕಾದ ಕನಿಷ್ಠ ಹಾಜರಾತಿ, ಇಲ್ಲದೆ ರದ್ದಾದ ಸಭೆಗಳೆಷ್ಟು. ಆಯ್ಕೆಯಾಗದ ಮಕ್ಕಳ ಹೆಸರು ಕೇಳಬೇಡಿ. ಅದು ನಿಮಗೆ ಬೇಕಾಗಿಯೂ ಇಲ್ಲ.

ಮೂರನೆಯ ಉತ್ತರದಲ್ಲಿ ಅಸಲು ವಿಷಯವಿದೆ.

ಸೀಟು ಹೆಚ್ಚಾದರೆ ಸಭೆ ಯಾಕೆ ನಿಲ್ಲುತ್ತದೆ?

9 ಸೀಟಿನ ಆಯೋಗವನ್ನು ಇಟ್ಟುಕೊಳ್ಳೋಣ. ಕೋರಂ ಅರ್ಧಕ್ಕಿಂತ ಹೆಚ್ಚು, ಅಂದರೆ 5. ಪ್ರಚಾರ ಗೆದ್ದು ಸೀಟು 15 ಆಯಿತು. ಕೋರಂ 8ಕ್ಕೆ ಏರಿತು. ಹೊಸ ಆರು ಸೀಟಿಗೆ ನೇಮಕ ತಡವಾಯಿತು, ಅದು ತಡವಾಗಿಯೇ ತೀರುತ್ತದೆ. ಈಗ ಇರುವ ಒಂಬತ್ತು ಮಕ್ಕಳಲ್ಲಿ ಎಂಟು ಮಂದಿ ಬಂದರೆ ಮಾತ್ರ ಸಭೆ. ಒಬ್ಬಳಿಗೆ ಎಪಿ ಪರೀಕ್ಷೆ, ಇನ್ನೊಬ್ಬನಿಗೆ ಫುಟ್ಬಾಲ್ ಪಂದ್ಯ ಎಂದರೆ ಅಲ್ಲಿಗೆ ಆ ತಿಂಗಳು ಮುಗಿಯಿತು. ಗೆದ್ದ ಪ್ರಚಾರವೇ ಆಯೋಗದ ಬಾಯಿ ಮುಚ್ಚಿಸಿದಂತಾಯಿತು.

ದೊಡ್ಡವರ ಆಯೋಗಗಳಿಗಿಂತ ಎಳೆಯರ ಆಯೋಗಗಳಲ್ಲಿ ಈ ಕಷ್ಟ ಹೆಚ್ಚು, ಕಾರಣ ಶಾಲೆಯ ಕ್ಯಾಲೆಂಡರು. ಹನ್ನೆರಡನೇ ತರಗತಿಯವರು ಆಗಸ್ಟ್ ಹೊತ್ತಿಗೆ ಕಾಲೇಜು ಸೇರಲು ಊರು ಬಿಡುತ್ತಾರೆ. ಅನುಭವಸ್ಥರೆಲ್ಲ ಒಟ್ಟಿಗೇ ಹೊರಟು ಹೋಗುತ್ತಾರೆ. ಕಾಲೇಜು ಅರ್ಜಿಯಲ್ಲೊಂದು ಸಾಲು ಸೇರಲಿ ಎಂದಷ್ಟೇ ಬಂದವರಿದ್ದರೆ ಅವರ ಹಾಜರಾತಿ ಅದಕ್ಕೂ ಮೊದಲೇ ತೆಳುವಾಗುತ್ತದೆ ಎಂಬುದು ನನ್ನ ಗುಮಾನಿ. ಪಾಲಕರು ಇದಕ್ಕೆ ಕೋಪಿಸಿಕೊಳ್ಳಬಾರದು.

ಆದ್ದರಿಂದ ಬೇಡಿಕೆಯ ಪತ್ರದಲ್ಲಿ ಸೀಟಿನ ಸಂಖ್ಯೆಯ ಕೆಳಗೇ ಇವೂ ಇರಲಿ. ಕೋರಂ ಅನ್ನು ಒಟ್ಟು ಸೀಟಿನ ಮೇಲೆ ಎಣಿಸದೆ, ನೇಮಕವಾಗಿ ಕೂತಿರುವವರ ಮೇಲೆ ಎಣಿಸುವ ನಿಯಮ ಬೇಕು. ಇದು ಸಾಧ್ಯವೇ ಎಂದು ನಗರದ ವಕೀಲರನ್ನು ಮೊದಲೇ ಕೇಳಿ. ಅವಧಿ ಎರಡು ವರ್ಷವಾಗಲಿ, ಪ್ರತಿವರ್ಷ ಅರ್ಧದಷ್ಟು ಮಂದಿ ಮಾತ್ರ ಬದಲಾಗಲಿ. ಒಂದಷ್ಟು ಸೀಟು ಒಂಬತ್ತು, ಹತ್ತನೇ ತರಗತಿಯವರಿಗೇ ಮೀಸಲಿರಲಿ. ಬದಲಿ ಸದಸ್ಯರ ಪಟ್ಟಿಯೊಂದಿದ್ದರೆ ಒಬ್ಬರು ಬಿಟ್ಟೊಡನೆ ಇನ್ನೊಬ್ಬರು ಸಿದ್ಧ. ಇಲ್ಲದಿದ್ದರೆ ಮ್ಯಾಡಿ ಕಾಯ್ದೆಯಂತೆ ಖಾಲಿ ಸೀಟಿನ ನೋಟಿಸು ಹಚ್ಚಿ, ಕನಿಷ್ಠ 10 ಕೆಲಸದ ದಿನ ಕಾದು, ಆಮೇಲೆ ನೇಮಕ ಮಾಡಬೇಕು.

ಇಷ್ಟನ್ನು ಒಪ್ಪಿಸಿಕೊಳ್ಳಲಾಗದಿದ್ದರೆ ಆರು ಸೀಟು ಕೇಳಬೇಡಿ, ಎರಡು ಕೇಳಿ.

ವೀಸಾ ಇರುವ ಮಕ್ಕಳು

ನಮ್ಮವರ ಮನೆಗಳಲ್ಲಿ ಹೆಚ್ಚು ಗೊಂದಲ ಇರುವುದು ಇಲ್ಲಿ. ಅಪ್ಪನಿಗೋ ಅಮ್ಮನಿಗೋ ಕೆಲಸದ ವೀಸಾ ಎಚ್-1ಬಿ, ಮಗಳಿಗೆ ಅವಲಂಬಿತರ ವೀಸಾ ಎಚ್-4. ಗ್ರೀನ್‌ಕಾರ್ಡ್ ಸಾಲು ಮುಂದೆ ಸಾಗುವುದೇ ಇಲ್ಲ. ‘ನಮಗೆ ಓಟೇ ಇಲ್ಲ, ಸರ್ಕಾರದ ಆಯೋಗ ಎಲ್ಲಿ ಬಂತು’ ಎಂದು ಅರ್ಜಿಯನ್ನೇ ಹಾಕದವರಿದ್ದಾರೆ.

ಕಾನೂನು ಬೇರೆಯೇ ಹೇಳುತ್ತದೆ. 2019ರಲ್ಲಿ ಕ್ಯಾಲಿಫೋರ್ನಿಯಾ ಎಸ್‌ಬಿ 225 ಎಂಬ ಮಸೂದೆಯ ಮೂಲಕ, 18 ತುಂಬಿದ ರಾಜ್ಯದ ನಿವಾಸಿಗಳು ಪೌರತ್ವ ಅಥವಾ ವಲಸೆಯ ಸ್ಥಿತಿ ಏನೇ ಇದ್ದರೂ ನೇಮಕದ ಹುದ್ದೆಗಳಿಗೆ ಅರ್ಹರು ಎಂದು ಮಾಡಿತು. 2020ರ ನವೆಂಬರಿನಲ್ಲಿ ಸ್ಯಾನ್‌ಫ್ರಾನ್ಸಿಸ್ಕೊ ಮತದಾರರು ಪ್ರೊಪೊಸಿಷನ್ ಸಿ ಒಪ್ಪಿ, ನಗರದ ಮಂಡಳಿ ಆಯೋಗಗಳ ಸದಸ್ಯರು ಅಮೆರಿಕದ ಪ್ರಜೆಗಳೂ ನೋಂದಾಯಿತ ಮತದಾರರೂ ಆಗಿರಬೇಕು ಎಂಬ ಷರತ್ತನ್ನು ತೆಗೆದುಹಾಕಿದರು. 18ಕ್ಕಿಂತ ಕಿರಿಯರ ಅರ್ಹತೆಯನ್ನು ಆಯಾ ಯುವ ಆಯೋಗದ ನಿಯಮವೇ ಹೇಳುತ್ತದೆ. ಅದರಲ್ಲಿ ‘ನೋಂದಾಯಿತ ಮತದಾರ’ ಎಂಬ ಹಳೆಯ ಪದ ಇನ್ನೂ ಉಳಿದಿದೆಯೇ ನೋಡಿ. ಉಳಿದಿದ್ದರೆ ‘ನಗರದಲ್ಲಿ ವಾಸಿಸುವ ಅಥವಾ ಓದುವ’ ಎಂದು ಬದಲಿಸಲು ಕೇಳಿ. ಆಯೋಗ ಗೌರವಧನ ಕೊಡುವಂತಿದ್ದರೆ ಮಾತ್ರ ಎಚ್-4 ಮಕ್ಕಳು ಅದನ್ನು ಪಡೆಯುವ ಮೊದಲು ವಲಸೆ ವಕೀಲರನ್ನು ವಿಚಾರಿಸಲೇಬೇಕು.

ಇನ್ನೊಂದು ಮಾತನ್ನೂ ಹೇಳಬೇಕು. ಐಟಿ ಮನೆಗಳ ಮಕ್ಕಳಿಗೆ ಅರ್ಜಿ ತುಂಬುವುದು, ಸಂದರ್ಶನಕ್ಕೆ ಹೋಗುವುದು ಹೊಸತಲ್ಲ. ಸಂಜೆ ಕೆಲಸಕ್ಕೆ ಹೋಗುವ, ತಮ್ಮ ತಂಗಿಯರನ್ನು ನೋಡಿಕೊಳ್ಳುವ, ಬಸ್ಸಿಲ್ಲದ ಬಡಾವಣೆಯ ಮಕ್ಕಳು ಆಯೋಗದತ್ತ ಬರುವುದೇ ಕಡಿಮೆ. ಸೀಟು ಹೆಚ್ಚಿಸಿ ಎಂದು ಕೇಳಿ, ಹೆಚ್ಚಿದ ಸೀಟೆಲ್ಲ ಅದೇ ಎರಡು ಶಾಲೆಗಳಿಗೆ ಹೋದರೆ ಏನು ಗಿಟ್ಟಿತು? ಸ್ಯಾನ್‌ಫ್ರಾನ್ಸಿಸ್ಕೊದ ಆ ಐದು ಸೀಟುಗಳ ಮಾದರಿಯನ್ನು ಹೆಸರು ಹೇಳಿಯೇ ಕೇಳಿ. ಜೊತೆಗೆ ಬಸ್ ಪಾಸು, ಸಭೆಯಲ್ಲಿ ಊಟವನ್ನೂ ಕೇಳಬಹುದು.

ಕರಡು, ಕೌನ್ಸಿಲ್ಲು, ಎರಡು ನಿಮಿಷ

ಬೇಡಿಕೆ ಒಂದೇ ಪುಟದಲ್ಲಿರಲಿ: ಈಗಿನ ನಿಯಮದ ಸಾಲು, ಬದಲಾಗಬೇಕಾದ ಸಾಲು, ತಗಲುವ ಖರ್ಚು. ಸದಸ್ಯರು ಹೆಚ್ಚಿದರೆ ಅವರನ್ನು ನೋಡಿಕೊಳ್ಳುವ ಅಧಿಕಾರಿಯ ಸಮಯವೂ ಹೆಚ್ಚು ಬೇಕು, ಕೌನ್ಸಿಲ್ ಮೊದಲು ಕೇಳುವುದೇ ಅದನ್ನು. ಈ ಪುಟವನ್ನು ಮೊದಲು ಈಗಿರುವ ಯುವ ಆಯೋಗದ ಮುಂದಿಟ್ಟು ಅವರಿಂದಲೇ ಶಿಫಾರಸು ಪಡೆಯಿರಿ. ಅವರನ್ನು ಬದಿಗಿಟ್ಟು ನೇರ ಕೌನ್ಸಿಲ್ಲಿಗೆ ಹೋದರೆ ಕಿರಿಯರಿಗೆ ಕಿರಿಯರೇ ಎದುರಾಳಿಗಳಾಗುತ್ತಾರೆ. ಆಮೇಲೆ ವಿಷಯವನ್ನು ಅಜೆಂಡಾಕ್ಕೆ ತರಲು ಒಪ್ಪುವ ಕೌನ್ಸಿಲ್ ಸದಸ್ಯರೊಬ್ಬರನ್ನು ಹಿಡಿಯಿರಿ.

1953ರ ಬ್ರೌನ್ ಕಾಯ್ದೆಯಂತೆ ಮಾಮೂಲಿ ಸಭೆಯ ಅಜೆಂಡಾ 72 ಗಂಟೆ ಮೊದಲು ಪ್ರಕಟವಾಗಬೇಕು. ಅದರಲ್ಲಿಲ್ಲದ ವಿಷಯದ ಮೇಲೆ, ತುರ್ತು ಬಿಟ್ಟರೆ, ನಿರ್ಣಯ ಆಗುವಂತಿಲ್ಲ. ಹಾಗಾಗಿ ಅಜೆಂಡಾ ನೋಡದೆ ಇಪ್ಪತ್ತು ಮಕ್ಕಳನ್ನು ಕರೆದೊಯ್ದು ಸಾಲಾಗಿ ನಿಲ್ಲಿಸಬೇಡಿ. ಸಾರ್ವಜನಿಕರಿಗೆ ಸಿಗುವುದು ಸಾಮಾನ್ಯವಾಗಿ ತಲಾ ಎರಡು ಮೂರು ನಿಮಿಷ. ಎಲ್ಲರೂ ಒಂದೇ ಮಾತು ಒಪ್ಪಿಸುವುದಕ್ಕಿಂತ ಒಬ್ಬಳು ಕೋರಂ ಲೆಕ್ಕ, ಒಬ್ಬ ಬಸ್ಸಿನ ಕಷ್ಟ, ಇನ್ನೊಬ್ಬಳು ಅರ್ಹತೆಯ ಸಾಲು ಎಂದು ಹಂಚಿಕೊಳ್ಳಲಿ. ಅಪ್ಪಂದಿರು ಹಿಂದಿನ ಸಾಲಿನಲ್ಲಿ ಕೂರುವುದು ವಾಸಿ.

ಆಯೋಗದೊಳಗೆ ಈಗಾಗಲೇ ಇರುವ ಮಕ್ಕಳಿಗೆ ಒಂದು ಎಚ್ಚರಿಕೆ. ಸದಸ್ಯರಲ್ಲಿ ಬಹುಮತದವರು ವಾಟ್ಸ್‌ಆ್ಯಪ್ ಗುಂಪಿನಲ್ಲಿ ಆಯೋಗದ ವಿಷಯವನ್ನು ಚರ್ಚಿಸಿದರೆ ಅದೂ ಗುಟ್ಟಿನ ಸಭೆಯೇ. ಬ್ರೌನ್ ಕಾಯ್ದೆ ಇದಕ್ಕೆ ವಯಸ್ಸಿನ ರಿಯಾಯಿತಿ ಕೊಟ್ಟಿಲ್ಲ.

ಸೀಟಿಗಿಂತ ಮುಖ್ಯವಾದ ಸಾಲು

ಸ್ಯಾನ್‌ಫ್ರಾನ್ಸಿಸ್ಕೊ ಚಾರ್ಟರಿನಲ್ಲಿ ಎಲ್ಲ ನಗರಗಳೂ ನಕಲು ಮಾಡಿಕೊಳ್ಳಬೇಕಾದ ಒಂದು ಸಾಲಿದೆ. ಮಕ್ಕಳು ಮತ್ತು ಯುವಜನರಿಗೆ ಮುಖ್ಯವಾಗಿ ತಟ್ಟುವ ಯಾವುದೇ ವಿಷಯದಲ್ಲಿ ಸೂಪರ್‌ವೈಸರ್‌ಗಳ ಮಂಡಳಿ ಅಂತಿಮ ನಿರ್ಧಾರಕ್ಕೆ ಬರುವ ಮೊದಲು ಮಂಡಳಿಯ ಕ್ಲರ್ಕ್ ಅದನ್ನು ಯುವ ಆಯೋಗಕ್ಕೆ ಕಳಿಸಲೇಬೇಕು. ಆಯೋಗಕ್ಕೆ ಅಭಿಪ್ರಾಯ ಹೇಳಲು 12 ದಿನ. ಹೇಳದಿದ್ದರೆ ಮಂಡಳಿ ಮುಂದುವರಿಯಬಹುದು. ಅಭಿಪ್ರಾಯಕ್ಕೆ ಮಂಡಳಿ ಬದ್ಧವೇನಲ್ಲ, ಆದರೂ ಕೇಳದೆ ದಾಟಿ ಹೋಗುವಂತಿಲ್ಲ.

ಈ ಆಯೋಗ ಒತ್ತಾಯಿಸಿದ ಕೆಲಸಗಳಲ್ಲಿ ಮ್ಯುನಿ ಎಂಬ ನಗರ ಸಾರಿಗೆಯಲ್ಲಿ ಮಕ್ಕಳಿಗೆ ಉಚಿತ ಪ್ರಯಾಣವೂ ಒಂದು. 2013ರಲ್ಲಿ ಕಡಿಮೆ ಆದಾಯದ ಮನೆಗಳ ಮಕ್ಕಳಿಗೆ ಶುರುವಾದದ್ದು 2021ರಲ್ಲಿ 18ರವರೆಗಿನ ಎಲ್ಲರಿಗೂ ಆಯಿತು. 16ನೇ ವಯಸ್ಸಿಗೇ ನಗರದ ಚುನಾವಣೆಯಲ್ಲಿ ಮತದ ಹಕ್ಕು ಬೇಕೆಂದೂ ಯುವ ಆಯೋಗ ಪಟ್ಟು ಹಿಡಿದಿತ್ತು. ಆ ಪ್ರಸ್ತಾವ 2016ರಲ್ಲಿ ಸುಮಾರು ಶೇಕಡ 48, 2020ರಲ್ಲಿ ಸುಮಾರು ಶೇಕಡ 49 ಮತ ಪಡೆದು ಎರಡೂ ಸಲ ಬಿದ್ದಿತು.

ಇದನ್ನು ಬರೆಯುವಾಗ ಕುಂದಾಪುರ ತಾಲ್ಲೂಕಿನ ಕೆರಾಡಿಯ ನೆನಪಾಗುತ್ತದೆ. ತೊಂಬತ್ತರ ದಶಕದಲ್ಲೇ ಅಲ್ಲಿ ಮಕ್ಕಳ ಪಂಚಾಯಿತಿ ನಡೆದಿತ್ತು, ಹಳ್ಳ ದಾಟಲು ಕಾಲುಸಂಕ ಬೇಕೆಂದು ಮಕ್ಕಳೇ ಲೆಕ್ಕ ಹಿಡಿದು ಕೇಳುತ್ತಿದ್ದರು. ಇಂದು ಕರ್ನಾಟಕದ ಗ್ರಾಮ ಪಂಚಾಯಿತಿಗಳಲ್ಲಿ ಮಕ್ಕಳ ಗ್ರಾಮಸಭೆ ಉಂಟು. ಮೂರು ಲಕ್ಷ ಅಥವಾ ಅದಕ್ಕೂ ಹೆಚ್ಚು ಜನಸಂಖ್ಯೆಯ ನಗರಗಳಲ್ಲಿ ವಾರ್ಡ್ ಸಮಿತಿ ಇರಬೇಕೆಂದು ಸಂವಿಧಾನದ 243ಎಸ್ ವಿಧಿ ಹೇಳಿದರೂ ಅದರಲ್ಲಿ ಎಳೆಯರಿಗೆ ಜಾಗ ಕೊಡಿ ಎಂದು ಹೇಳಿಲ್ಲ. ಬೆಂಗಳೂರು, ಮೈಸೂರು, ಹುಬ್ಬಳ್ಳಿಯ ಕಾಲೇಜು ಹುಡುಗ ಹುಡುಗಿಯರು ಆ ಜಾಗವನ್ನು ಕೇಳಲು ಹೊರಟರೆ ಸೀಟಿನ ಜೊತೆಗೆ ಆ 12 ದಿನದ ಸಾಲನ್ನೂ ಕೇಳಲಿ.

ಕೌನ್ಸಿಲ್ ಒಲ್ಲೆ ಎಂದರೆ

ಹೊಸ ಸೀಟು ಸಿಗದಿದ್ದರೂ ಕೋರಂ ನಿಯಮ, ಅವಧಿಯ ಹಂಚಿಕೆ, ಬದಲಿ ಸದಸ್ಯರ ಪಟ್ಟಿ ಇವನ್ನು ಬಿಡಿಬಿಡಿಯಾಗಿ ಕೇಳಬಹುದು. ಇವಕ್ಕೆ ಖರ್ಚು ಕಡಿಮೆ, ವಿರೋಧವೂ ಕಡಿಮೆ. ಆಯೋಗದ ಉಪಸಮಿತಿಗಳಲ್ಲಿ ಸದಸ್ಯರಲ್ಲದ ಮಕ್ಕಳನ್ನು ಸೇರಿಸಿಕೊಳ್ಳಲು ನಿಯಮ ಬಿಡುತ್ತದೆಯೇ ಎಂದು ಕ್ಲರ್ಕ್ ಹತ್ತಿರ ವಿಚಾರಿಸಿ. ಅಷ್ಟರಲ್ಲಿ ಡಿಸೆಂಬರ್ 31ರ ಪಟ್ಟಿ ಬಂದಿರುತ್ತದೆ. ಅವಧಿ ಮುಗಿಯುವ ಸೀಟುಗಳನ್ನು ಗುರುತು ಹಾಕಿಕೊಂಡು, ಯಾವ ಶಾಲೆಯಿಂದ ಈವರೆಗೆ ಯಾರೂ ಬಂದಿಲ್ಲವೋ ಅಲ್ಲಿನ ಕೌನ್ಸೆಲರ್‌ಗೆ ಅರ್ಜಿಯ ನಮೂನೆಗಳನ್ನು ತಲುಪಿಸಿ. ಕನ್ನಡ ಕೂಟದ ಮಕ್ಕಳು ಸಂದರ್ಶನದ ತಯಾರಿಗೆ ಆ ಶಾಲೆಯ ಮಕ್ಕಳನ್ನೂ ಕರೆದುಕೊಳ್ಳಲಿ.